ತೂಕ ಕಡಿಮೆ, ಬೆಲೆ ಜಾಸ್ತಿ!

ತರಕಾರಿ ಅಂಗಡಿಯಲ್ಲಿ ತಕ್ಕಡಿ ಐವತ್ತು ಗ್ರಾಂ ಕಡಿಮೆ ತೋರಿಸಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಆದರೆ ಪೂರ್ತಿ ಸಜ್ಜಾದ ಕಾರಿಗಿಂತ ಹೆಚ್ಚು ದುಡ್ಡು ಕೊಟ್ಟು, ಹಿಂದಿನ ಸೀಟು, ಕಾರ್ಪೆಟ್ಟು, ಗಡಿಯಾರ ಎಲ್ಲ ಕಿತ್ತುಹಾಕಿದ ಕಾರನ್ನು ಖುಷಿಯಿಂದ ಮನೆಗೆ ಒಯ್ದ ಜನ ಇದ್ದರು. ಅವರು ಬರೀ ಇನ್ನೂರು ಮಂದಿ. ಅದೇ ಕಾರನ್ನು ಕೊಂಡ ಸಾವಿರದ ಮುನ್ನೂರಕ್ಕೂ ಹೆಚ್ಚು ಜನ ಇನ್ನೂ ಒಂದಿಷ್ಟು ದುಡ್ಡು ಸೇರಿಸಿ, ಕಿತ್ತದ್ದನ್ನೆಲ್ಲ ವಾಪಸ್ ಹಾಕಿಸಿಕೊಂಡರು! ತಮಾಷೆ ಅನ್ನಿಸುತ್ತೆ ಅಲ್ವಾ? ಇದು 1973ರ ಪೋರ್ಷೆ 911 ಕರೇರಾ ಆರ್‌ಎಸ್ 2.7 ಅನ್ನೋ ಕಾರಿನ ಕಥೆ.

ಮೊದಲು ಸ್ವಲ್ಪ ಹಿನ್ನೆಲೆ. ಪೋರ್ಷೆಯ 917 ಅನ್ನೋ ರೇಸ್ ಕಾರು 1970 ಮತ್ತು 1971ರಲ್ಲಿ ಲೆ ಮಾನ್ಸ್ ಗೆದ್ದು ಎಲ್ಲರ ನಿದ್ದೆಗೆಡಿಸಿತ್ತು. 1972ರಿಂದ ನಿಯಮ ಬದಲಾಯಿತು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಓಡುವ ರೇಸ್ ಕಾರುಗಳ ಎಂಜಿನ್ 3 ಲೀಟರಿಗಿಂತ ದೊಡ್ಡದಿರುವ ಹಾಗಿಲ್ಲ ಅಂದರು. 917ರ ಎಂಜಿನ್ಣು ಹೆಚ್ಚುಕಮ್ಮಿ 5 ಲೀಟರಿನದು. ಹಾಗಾಗಿ ಅದು ಆ ಚಾಂಪಿಯನ್‌ಶಿಪ್‌ನಿಂದ ಹೊರಗೆ ಉಳಿಯಬೇಕಾಯಿತು. ಆಗ ಪೋರ್ಷೆಯ ಮುಖ್ಯಸ್ಥರಾಗಿದ್ದ ಅರ್ನ್‌ಸ್ಟ್ ಫುರ್ಮಾನ್ ಅವರ ಕಣ್ಣು ಬಿದ್ದದ್ದು ದಿನನಿತ್ಯ ರಸ್ತೆಯಲ್ಲಿ ಓಡುತ್ತಿದ್ದ 911ರ ಮೇಲೆ. ಇದನ್ನೇ ಯಾಕೆ ರೇಸಿಗೆ ಇಳಿಸಬಾರದು? ಆದರೆ ಅದಕ್ಕೂ ಒಂದು ಷರತ್ತಿತ್ತು. ಯಾವ ಕಾರಿನ ಆಧಾರದ ಮೇಲೆ ರೇಸ್ ಕಾರು ಮಾಡುತ್ತೀರೋ ಆ ಕಾರನ್ನು ಕನಿಷ್ಠ 500 ತಯಾರಿಸಬೇಕು.

ಅಂದರೆ ಈ ಕಾರು 'ಸ್ಪೆಷಲ್ ಎಡಿಷನ್' ಆಗಿದ್ದು ಶೋಕಿಗಲ್ಲ, ಕಾನೂನಿನ ಒಂದು ಸಂಖ್ಯೆಗೆ. ಇಂಥ ಬೋಳು ಕಾರನ್ನು 500 ಜನ ಕೊಳ್ಳುತ್ತಾರಾ ಅಂತ ಮಾರಾಟ ವಿಭಾಗದವರಿಗೇ ಅನುಮಾನವಿತ್ತಂತೆ.

ಈಗ ಲೆಕ್ಕಕ್ಕೆ ಬರೋಣ. ಆ ವರ್ಷ ಮಾಮೂಲಿ 911ರಲ್ಲಿ ಟಿ, ಇ, ಎಸ್ ಅಂತ ಮೂರು ಬಗೆ. ಮೂರಕ್ಕೂ 2341 ಸಿಸಿ ಎಂಜಿನ್ನೇ. ಅವುಗಳಲ್ಲಿ ಎಲ್ಲಕ್ಕಿಂತ ಜೋರಿನದು 911 ಎಸ್. 190 ಕುದುರೆ ಶಕ್ತಿ, 1075 ಕೆಜಿ ತೂಕ. ಆರ್‌ಎಸ್‌ಗೆ ಎಂಜಿನಿಯರುಗಳು ಸಿಲಿಂಡರಿನ ವ್ಯಾಸವನ್ನು 84 ಮಿಲಿಮೀಟರಿನಿಂದ 90ಕ್ಕೆ ಏರಿಸಿದರು. ಎಂಜಿನ್ 2687 ಸಿಸಿ ಆಯಿತು, ಶಕ್ತಿ 210ಕ್ಕೆ ಏರಿತು. ಬರೀ ಇಪ್ಪತ್ತು ಕುದುರೆ ಜಾಸ್ತಿ. ಇದರಲ್ಲೇನು ಮಹಾ ಅಂತೀರಾ?

ನಿಜವಾದ ಕೆಲಸ ನಡೆದದ್ದು ತೂಕದಲ್ಲಿ. ತೆಳು ತಗಡು, ತೆಳು ಗಾಜು, ಕೆಲವು ಕಡೆ ಪ್ಲಾಸ್ಟಿಕ್ಕು. ಶಬ್ದ ತಡೆಯೋ ಹೊದಿಕೆ ಔಟ್. ಹಿಂದಿನ ಸೀಟು ಔಟ್. ಕಾರ್ಪೆಟ್, ಗಡಿಯಾರ, ಕೋಟು ನೇತುಹಾಕೋ ಕೊಕ್ಕೆ, ಕೈ ಇಡೋ ಆಸರೆ ಎಲ್ಲ ಔಟ್. ಬಾನೆಟ್ಟಿನ ಮೇಲಿನ ಲೋಹದ ಲಾಂಛನದ ಜಾಗದಲ್ಲಿ ಸ್ಟಿಕ್ಕರ್! ಒಂದು ಲಾಂಛನದ ತೂಕ ಎಷ್ಟಿದ್ದೀತು? ಕೆಲವು ಗ್ರಾಂ. ಆದರೂ ಬಿಡಲಿಲ್ಲ ಪುಣ್ಯಾತ್ಮರು. ಹನಿಹನಿ ಕೂಡಿದರೆ ಹಳ್ಳ ಅಂತಾರಲ್ಲ, ಇಲ್ಲಿ ಹನಿಹನಿ ಕಳೆದು 115 ಕೆಜಿ ಇಳಿಸಿದರು. ಕಾರು 960 ಕೆಜಿಗೆ ಬಂದು ನಿಂತಿತು.

ಸೇರಿಸಿದ್ದು ಬಹಳ ಕಡಿಮೆ. ಹಿಂದಿನ ಚಕ್ರಗಳನ್ನು ಮುಂದಿನವಕ್ಕಿಂತ ಅಗಲ ಮಾಡಿದರು. ಹಿಂದಿನ ಮುಚ್ಚಳದ ಮೇಲೆ ಮೇಲಕ್ಕೆ ಚಾಚಿದ ಒಂದು ಅಂಚು ಕೂರಿಸಿದರು. ಜರ್ಮನ್ನರು ಅದಕ್ಕೆ ಪ್ರೀತಿಯಿಂದ ಇಟ್ಟ ಹೆಸರಿನ ಅರ್ಥ ಬಾತುಕೋಳಿಯ ಬಾಲ ಅಂತ. ನೋಡೋಕೆ ಅಲಂಕಾರದ ಹಾಗಿದ್ದರೂ ಅದು ಅಲಂಕಾರವಲ್ಲ. 911ರ ಎಂಜಿನ್ ಇರುವುದು ಹಿಂದೆ. ವೇಗ ಏರಿದಂತೆ ಗಾಳಿ ಕಾರಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತಿತ್ತು, ತಿರುವುಗಳಲ್ಲಿ ಹಿಂದಿನ ಚಕ್ರದ ಹಿಡಿತ ತಪ್ಪುತ್ತಿತ್ತು. ಈ ಬಾಲ ಆ ಎತ್ತುವಿಕೆಯನ್ನು ಕಡಿಮೆ ಮಾಡಿತು.

1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾರು ಕಾಣಿಸಿಕೊಂಡಿತು. ನವೆಂಬರ್ ಕೊನೆಗೆ 500ಕ್ಕೆ 500 ಖಾಲಿ! ಕಂಪನಿಯವರು ಮತ್ತೆ ಮತ್ತೆ ತಯಾರಿಸಿದರು. 1973ರ ಜುಲೈ ಹೊತ್ತಿಗೆ ಒಟ್ಟು 1580.

ಇಲ್ಲಿಂದ ಮುಂದೆ ನನಗೆ ಇಷ್ಟವಾದ ಭಾಗ. ಬೆಲೆ 34,000 ಮಾರ್ಕಿನಿಂದ ಶುರು. ಕೊಳ್ಳುವವರ ಮುಂದೆ ಎರಡು ಆಯ್ಕೆ ಇತ್ತು. 700 ಮಾರ್ಕ್ ಹೆಚ್ಚು ಕೊಟ್ಟರೆ 'ಸ್ಪೋರ್ಟ್', ಅಂದರೆ ಹಗುರ ಕಾರು. 2500 ಮಾರ್ಕ್ ಹೆಚ್ಚು ಕೊಟ್ಟರೆ 'ಟೂರಿಂಗ್', ಅಂದರೆ 911 ಎಸ್‌ನ ಒಳಾಂಗಣವೆಲ್ಲ ಮರಳಿ ಬರುತ್ತಿತ್ತು. ಜೊತೆಗೆ ಅದರ ತೂಕವೂ, 1075 ಕೆಜಿ. ಕಾರ್ಖಾನೆಯಲ್ಲಿ ಕಾರನ್ನು ಮೊದಲು ಬೋಳಾಗಿಯೇ ಜೋಡಿಸಿ, ನಿಯಮಕ್ಕಾಗಿ ತೂಕ ಮಾಡಿಸಿ, ವಾಪಸ್ ತಂದು ಗಿರಾಕಿ ಕೇಳಿದ್ದನ್ನೆಲ್ಲ ತುಂಬುತ್ತಿದ್ದರು!

ಕೊನೆಗೆ ಲೆಕ್ಕ ಹೀಗಾಯಿತು: ಟೂರಿಂಗ್ 1308, ಸ್ಪೋರ್ಟ್ 200, ರೇಸಿಗೆಂದೇ ಮಾಡಿದ ಆರ್‌ಎಸ್‌ಆರ್ 55, ಏನೂ ಸೇರಿಸದೆ ಬೋಳಾಗಿಯೇ ಉಳಿದವು 17.

ಈ ಕಾರುಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಒಳ್ಳೆ ಪಾಠ ಸಿಗುತ್ತೆ. 911 ಎಸ್ ಮತ್ತು ಟೂರಿಂಗ್ ಎರಡರದ್ದೂ ಒಂದೇ ತೂಕ, ಎಂಜಿನ್ ಬೇರೆ. ಟೂರಿಂಗ್ ಮತ್ತು ಸ್ಪೋರ್ಟ್ ಎರಡಕ್ಕೂ ಒಂದೇ ಎಂಜಿನ್, ತೂಕ ಬೇರೆ. ನೂರು ಕಿಲೋಮೀಟರ್ ವೇಗ ಮುಟ್ಟೋಕೆ ಟೂರಿಂಗ್‌ಗೆ 6.3 ಸೆಕೆಂಡು, ಸ್ಪೋರ್ಟ್‌ಗೆ 5.8. ಅಂದರೆ 115 ಕೆಜಿಯ ಬೆಲೆ ಅರ್ಧ ಸೆಕೆಂಡು. ಪ್ರತಿ ಕುದುರೆಯೂ ಎಳೆಯಬೇಕಾದ ಭಾರ ಲೆಕ್ಕ ಹಾಕಿ ನೋಡಿ. ಎಸ್‌ನಲ್ಲಿ 5.7 ಕೆಜಿ, ಟೂರಿಂಗ್‌ನಲ್ಲಿ 5.1, ಸ್ಪೋರ್ಟ್‌ನಲ್ಲಿ 4.6. ಎಂಜಿನ್ ದೊಡ್ಡದು ಮಾಡಿ ಗಳಿಸಿದಷ್ಟನ್ನೇ ಸೀಟು, ಕಾರ್ಪೆಟ್ ಕಿತ್ತೂ ಗಳಿಸಿದರು. ಅದೂ ಬರೀ ಓಟಕ್ಕಲ್ಲ. ಹಗುರ ಕಾರು ಬ್ರೇಕ್ ಹಾಕಿದಾಗಲೂ, ತಿರುಗಿಸಿದಾಗಲೂ ಮಾತು ಕೇಳುತ್ತೆ. ದೊಡ್ಡ ಎಂಜಿನ್ ಅದನ್ನೆಲ್ಲ ಕೊಡೋದಿಲ್ಲ.

ರೇಸಿನಲ್ಲೂ ಉದ್ದೇಶ ಈಡೇರಿತು. ಇದರಿಂದ ಹುಟ್ಟಿದ ಆರ್‌ಎಸ್‌ಆರ್ 1973ರಲ್ಲಿ ಡೇಟೋನಾದ 24 ಗಂಟೆ ಓಟವನ್ನೂ, ಸಿಸಿಲಿಯ ಬೆಟ್ಟದ ರಸ್ತೆಗಳ ಟಾರ್ಗಾ ಫ್ಲೋರಿಯೋವನ್ನೂ ಗೆದ್ದಿತು.

ಹಾಗಾದರೆ ಟೂರಿಂಗ್ ಕೊಂಡ ಆ 1308 ಜನ ದಡ್ಡರಾ? ನನಗೆ ಹಾಗನ್ನಿಸೋದಿಲ್ಲ. ಅವರು ವಾರವಿಡೀ ಓಡಿಸುವವರು, ಮಕ್ಕಳನ್ನು ಹಿಂದೆ ಕೂರಿಸುವವರು. ಕಾರಿನಲ್ಲಿ ಬದುಕೂ ಹಿಡಿಸಬೇಕಲ್ಲ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ಅಷ್ಟಕ್ಕೂ ಅವರು ಕೊಳ್ಳದಿದ್ದರೆ 500ರ ಲೆಕ್ಕ ತುಂಬುತ್ತಲೇ ಇರಲಿಲ್ಲ, ರೇಸ್ ಕಾರು ಹುಟ್ಟುತ್ತಲೇ ಇರಲಿಲ್ಲ. ಇನ್ನೂರು ಜನರ ಹಠವನ್ನು ಸಾವಿರದ ಮುನ್ನೂರು ಜನರ ಸೌಕರ್ಯ ಸಾಕಿತು.

ನನ್ನ ಬೇಸರ ಬೇರೆ. ಇವತ್ತು ಹಗುರ ಸ್ಪೋರ್ಟ್‌ಗೆ ಟೂರಿಂಗ್‌ಗಿಂತ ಬಹಳ ಹೆಚ್ಚು ಬೆಲೆ, ಟೂರಿಂಗ್‌ಗೆ ಮಾಮೂಲಿ 911ಕ್ಕಿಂತ ಬಹಳ ಹೆಚ್ಚು ಬೆಲೆ. ಅದರಿಂದಾಗಿ ಏನಾಯಿತು ಗೊತ್ತಾ? ಎಷ್ಟೋ ಮಾಮೂಲಿ 911ಗಳಿಗೆ ಬಾತುಕೋಳಿ ಬಾಲ ಅಂಟಿಸಿ, ಪಕ್ಕದಲ್ಲಿ 'ಕರೇರಾ' ಅಂತ ಬರೆಸಿ ಆರ್‌ಎಸ್ ವೇಷ ಹಾಕಿಸಿಬಿಟ್ಟರು. ಹೀಗೆ ಮೂಲ ರೂಪದಲ್ಲಿದ್ದ ಎಷ್ಟೋ ಸಾದಾ ಕಾರುಗಳು ಇಲ್ಲವಾದವು. ವಿಶೇಷವಾದದ್ದನ್ನು ಕಾಪಾಡೋಕೆ ಎಲ್ಲರೂ ಇರುತ್ತಾರೆ. ಅದು ಯಾವುದಕ್ಕೆ ಹೋಲಿಸಿದರೆ ವಿಶೇಷವೋ ಆ ಸಾದಾ ವಸ್ತುವನ್ನು ಕಾಯುವವರು ಕಡಿಮೆ. ಪಕ್ಕದಲ್ಲಿ ನಿಲ್ಲಿಸೋಕೆ ಒಂದು ಮಾಮೂಲಿ 911 ಉಳಿಯದಿದ್ದರೆ, ಆ 115 ಕೆಜಿಯ ಬೆವರನ್ನು ತೋರಿಸೋದು ಹೇಗೆ?

ಈಗಿನ ಸ್ಪೆಷಲ್ ಎಡಿಷನ್ ಅಂದರೆ ಬಹಳಷ್ಟು ಸಲ ಬೇರೆ ಬಣ್ಣ, ಸೀಟಿನ ಮೇಲೆ ಹೊಲಿಗೆ, ಡ್ಯಾಶ್‌ಬೋರ್ಡಿನಲ್ಲಿ ಸಂಖ್ಯೆ ಕೆತ್ತಿದ ಒಂದು ತಗಡು. ಸೇರಿಸೋದು ಸುಲಭ. ತೆಗೆಯೋದಕ್ಕೆ, ಯಾವುದು ಬೇಕು ಯಾವುದು ಬೇಡ ಅಂತ ಗೊತ್ತಿರಬೇಕು.

ಇರಲಿ, ನೀವು 1972ರಲ್ಲಿ ಆ ಅಂಗಡಿಗೆ ಹೋಗಿದ್ದರೆ ಯಾವುದಕ್ಕೆ ಟಿಕ್ ಹಾಕುತ್ತಿದ್ದಿರಿ? ನಾನಂತೂ ಬಾಯಲ್ಲಿ ಸ್ಪೋರ್ಟ್ ಅಂದು, ಸುಮ್ಮನೆ ಟೂರಿಂಗ್‌ಗೆ ಸಹಿ ಹಾಕಿ ಬರುತ್ತಿದ್ದೆ ಅನ್ನಿಸುತ್ತೆ :-)