ಬಿದರಿಯ ಕಪ್ಪು ಎಲ್ಲಿಂದ ಬಂತು?

ಸತುವಿನ ತಗಡಿನ ಚೂರೊಂದನ್ನು ಮೈಲುತುತ್ತದ ದ್ರಾವಣದಲ್ಲಿ ಇಟ್ಟು ನೋಡುವ ಪ್ರಯೋಗವನ್ನು ನೀವು ಪ್ರೌಢಶಾಲೆಯಲ್ಲಿ ಮಾಡಿರುತ್ತೀರಿ, ಶಿಕ್ಷಕರಾಗಿದ್ದರೆ ಮಾಡಿಸಿರುತ್ತೀರಿ. ಹೊಳೆಯುತ್ತಿದ್ದ ತಗಡು ನೋಡನೋಡುತ್ತಲೇ ಕಪ್ಪಾಗುತ್ತದೆ. ಹಾಗೆಯೇ ಬಿಟ್ಟರೆ ದ್ರಾವಣದ ನೀಲಿ ಬಣ್ಣವೂ ತಿಳಿಯಾಗುತ್ತಾ ಹೋಗುತ್ತದೆ. ಸತುವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಆದ್ದರಿಂದ ತಾಮ್ರವನ್ನು ಪಲ್ಲಟಗೊಳಿಸುತ್ತದೆ ಎಂದು ಬರೆದು ಮುಂದಿನ ಪಾಠಕ್ಕೆ ಹೋಗುತ್ತೇವೆ. ಬೀದರಿನ ಬಿದರಿ ಕರಕುಶಲಿಗಳಿಗೆ ಇದು ಪಾಠವಲ್ಲ, ದಿನದ ಕೆಲಸ. ಎರಕ ಹೊಯ್ದು ನುಣುಪು ಮಾಡಿದ ಹೂಜಿಯ ಮೈಗೆ ಅವರು ಮೈಲುತುತ್ತದ ನೀರನ್ನು ಉಜ್ಜುತ್ತಾರೆ. ಬೂದುಬಣ್ಣದ ಲೋಹ ಕಪ್ಪಾಗುತ್ತದೆ. ಅದರ ಮೇಲೆ ಮೊನೆಯಿಂದ ಗೀಚಿದರೆ ಗೆರೆ ಬೆಳ್ಳಗೆ ಕಾಣುತ್ತದೆ, ಕರಿಹಲಗೆಯ ಮೇಲೆ ಸೀಮೆಸುಣ್ಣದ ಗೆರೆಯ ಹಾಗೆ. ಚಿತ್ರ ಬರೆಯಲು ಬೇರೆ ಕಾಗದ ಬೇಡ!

ಆದರೆ ಈ ಕಪ್ಪು ತಾತ್ಕಾಲಿಕ. ಬಿದರಿ ಪಾತ್ರೆಯ ಮೇಲೆ ನೂರಾರು ವರ್ಷ ಉಳಿಯುವ ಕಪ್ಪೇ ಬೇರೆ. ಅದು ಬರುವುದು ಕೊನೆಗೆ, ಮತ್ತು ಬರುವುದು ಮಣ್ಣಿನಿಂದ.

ಮೊದಲು ಲೋಹದ ವಿಷಯ. ಬಿದರಿಯ ಮಿಶ್ರಲೋಹದಲ್ಲಿ ಸತುವೇ ಹೆಚ್ಚು. ಇಂದು ಬೀದರಿನಲ್ಲಿ ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸುತ್ತಾರೆ, ಅಂದರೆ ತಾಮ್ರ ನೂರಕ್ಕೆ ಸುಮಾರು ಆರು. ಹಳೆಯ ಪಾತ್ರೆಗಳಲ್ಲಿ ಸೀಸ, ತವರಗಳೂ ಅಷ್ಟಿಷ್ಟು ಇರುತ್ತವೆ. ಸತುವು 420 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆ. ತಾಮ್ರಕ್ಕೆ 1085 ಡಿಗ್ರಿ ಬೇಕು. ಆದರೂ ಸಣ್ಣ ಕುಲುಮೆ ಸಾಕು. ತಾಮ್ರವನ್ನು ಬೇರೆಯಾಗಿ ಕರಗಿಸಬೇಕಿಲ್ಲ, ಕರಗಿದ ಸತುವಿನಲ್ಲಿ ಅದು ನೀರಿನಲ್ಲಿ ಸಕ್ಕರೆ ಕರಗುವಂತೆ ಕರಗಿಹೋಗುತ್ತದೆ.

ಎರಕ ಹೊಯ್ಯುವುದು ಸುಲಭವಾಯಿತು, ಸರಿ. ಸತುವು ಸಿಗುವುದು ಮಾತ್ರ ಸುಲಭವಾಗಿರಲಿಲ್ಲ. ಕಬ್ಬಿಣ, ತಾಮ್ರಗಳನ್ನು ಅದಿರಿನಿಂದ ತೆಗೆಯಲು ಇದ್ದಿಲಿನ ಜೊತೆ ಕಾಯಿಸಿದರೆ ಲೋಹ ಕುಲುಮೆಯ ತಳದಲ್ಲಿ ಸಿಗುತ್ತದೆ. ಸತುವಿನ ಅದಿರನ್ನು ಅಪಕರ್ಷಿಸಲು ಸುಮಾರು 1000 ಡಿಗ್ರಿ ಉಷ್ಣತೆ ಬೇಕು. ಸತುವು ಕುದಿಯುವುದೋ 907 ಡಿಗ್ರಿಯಲ್ಲಿ. ಹೀಗಾಗಿ ಲೋಹ ಹುಟ್ಟುವಾಗಲೇ ಆವಿಯಾಗಿ ಹುಟ್ಟುತ್ತದೆ, ಗಾಳಿ ಸೋಕಿದೊಡನೆ ಉರಿದು ಬಿಳಿಯ ಆಕ್ಸೈಡ್ ಪುಡಿಯಾಗುತ್ತದೆ. ಈ ಆವಿಯನ್ನು ಹಿಡಿಯುವ ಉಪಾಯವನ್ನು ಭಾರತದಲ್ಲಿ ಕಂಡುಕೊಂಡಿದ್ದರು. 'ರಸರತ್ನಸಮುಚ್ಚಯ' ಎಂಬ ಸಂಸ್ಕೃತ ಗ್ರಂಥದಲ್ಲಿ ಬದನೆಕಾಯಿಯ ಆಕಾರದ ಮೂಸೆಯನ್ನು ಬೋರಲಾಗಿ ಇಟ್ಟು, ಆವಿಯನ್ನು ಕೆಳಗಿನ ಪಾತ್ರೆಗೆ ಇಳಿಸಿ ತಣಿಸುವ ವಿಧಾನವಿದೆ. ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನಲ್ಲಿ 1980ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಅಂಥ ಮೂಸೆಗಳು ಕುಲುಮೆಗೆ 36ರಂತೆ ಸಾಲುಸಾಲಾಗಿ ಸಿಕ್ಕವು. ಅಲ್ಲಿ 14ನೆಯ ಶತಮಾನದ ಹೊತ್ತಿಗೆ ಸತುವಿನ ಉತ್ಪಾದನೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಸತುವು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ.

ಹಾಗಾದರೆ ಬಿದರಿ ಕಲೆ ಯಾವಾಗ ಹುಟ್ಟಿತು? ಬಹಮನಿ ಸುಲ್ತಾನ ಅಹಮದ್ ಷಾ (ಆಳ್ವಿಕೆ 1422-1436) ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ಬದಲಿಸಿದ. ಆ ಕಾಲದಲ್ಲಿ ಇರಾನಿನಿಂದ ಬಂದ ಕುಶಲಿಯೊಬ್ಬ ಈ ಕಲೆಯನ್ನು ತಂದ ಎಂಬ ಮಾತು ಬೀದರಿನಲ್ಲಿ ಪ್ರಚಲಿತ. ಇರಬಹುದು. ಆದರೆ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಅತಿ ಹಳೆಯ ಬಿದರಿ ಪಾತ್ರೆಗಳು 16ನೆಯ ಶತಮಾನದ ಕೊನೆಗಿಂತ ಹಿಂದಕ್ಕೆ ಹೋಗುವುದಿಲ್ಲ. ನಡುವಿನ ನೂರೈವತ್ತು ವರ್ಷಗಳನ್ನು ಐತಿಹ್ಯವೊಂದರಿಂದ ತುಂಬುವುದು ಇತಿಹಾಸದ ಕ್ರಮವಲ್ಲ. ಕೆತ್ತಿ ಕೂರಿಸುವ ಅಭಿರುಚಿ ಮಾತ್ರ ಆ ಊರಿನಲ್ಲಿ ಇತ್ತೆಂಬುದಕ್ಕೆ ಬೀದರ್ ಕೋಟೆಯ ರಂಗೀನ್ ಮಹಲ್ ಸಾಕ್ಷಿ. ಅಲಿ ಬರೀದ್ ಷಾ (ಆಳ್ವಿಕೆ 1542-1580) ಮತ್ತೆ ಕಟ್ಟಿಸಿದ ಈ ಮಹಲಿನಲ್ಲಿ ಕಪ್ಪು ಕಲ್ಲನ್ನು ಕೊರೆದು ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಕಲ್ಲಿನ ಜಾಗದಲ್ಲಿ ಲೋಹ, ಚಿಪ್ಪಿನ ಜಾಗದಲ್ಲಿ ಬೆಳ್ಳಿ ಎಂದುಕೊಳ್ಳಿ, ಬಿದರಿ ಕಣ್ಣಮುಂದೆ ಬರುತ್ತದೆ. ಬೇಡಿಕೆ ಹೆಚ್ಚಿಸಿದ್ದು ಇನ್ನೊಂದು ವಸ್ತು: ತಂಬಾಕು. 17ನೆಯ ಶತಮಾನದ ಆರಂಭದಲ್ಲಿ ಬಿಜಾಪುರದಿಂದ ಅದು ಅಕ್ಬರನ ಆಸ್ಥಾನ ತಲುಪಿತು. ಶ್ರೀಮಂತರ ಮನೆಗಳಿಗೆ ಹುಕ್ಕಾ ಬೇಕಾಯಿತು, ಹುಕ್ಕಾದ ಬುಡವನ್ನು ಬಿದರಿಯವರು ಮಾಡಿದರು.

ಈಗ ಕೆಲಸ ನಡೆಯುವ ಬಗೆಯನ್ನು ನೋಡಿ. ಹರಳೆಣ್ಣೆ ಮತ್ತು ರಾಳ ಬೆರೆಸಿ ಹದಮಾಡಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ, ಮರಳು ಕಾಗದದಿಂದ ನಯಮಾಡಿ, ಮೈಲುತುತ್ತ ಬಳಿದು, ಬರಿಗೈಯಲ್ಲಿ ಬಳ್ಳಿ ಹೂಗಳನ್ನು ಬರೆಯುತ್ತಾರೆ. ಸಣ್ಣ ಉಳಿಗಳಿಂದ ಗೆರೆಯನ್ನು ಕೊರೆದು ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ತಂತಿ ಕೂರಿಸಿದರೆ ತಾರ್‌ಕಶಿ, ತಗಡು ಕೂರಿಸಿದರೆ ತಹನಿಶಾನ್. ಇಲ್ಲಿ ಅಂಟು ಇಲ್ಲ, ಬೆಸುಗೆ ಇಲ್ಲ; ಮೆದುವಾದ ಬೆಳ್ಳಿ ಏಟಿಗೆ ಹರಡಿ ಗಾಡಿಯೊಳಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮತ್ತೆ ಉಜ್ಜಿದಾಗ ಮೈಲುತುತ್ತದ ಕಪ್ಪೆಲ್ಲ ಹೋಗಿ ಪಾತ್ರೆ ಬೂದುಬಣ್ಣಕ್ಕೆ ತಿರುಗುತ್ತದೆ. ಬೂದಿಯ ಮೇಲೆ ಬೆಳ್ಳಿ ಸರಿಯಾಗಿ ಕಾಣುವುದೂ ಇಲ್ಲ.

ಆಗ ಬರುತ್ತದೆ ಮಣ್ಣು. ಕೋಟೆಯ ಹಳೆಯ ಕಟ್ಟಡಗಳ ಒಳಗಿನ, ಮಳೆ ಬಿಸಿಲು ಕಾಣದ ಮಣ್ಣನ್ನು ನವಸಾಗರ ಮತ್ತು ನೀರಿನೊಂದಿಗೆ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಭಾಗ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಒಳ್ಳೆಯದೋ ಅಲ್ಲವೋ ಎಂಬುದನ್ನು ಅನುಭವಿಗಳು ನಾಲಿಗೆಗೆ ತಾಗಿಸಿ ಹೇಳುತ್ತಾರೆ.

ಇದನ್ನು ಪವಾಡವೆಂದು ಹೊಗಳುವವರಿದ್ದಾರೆ, ಕಟ್ಟುಕಥೆಯೆಂದು ನಗುವವರೂ ಇದ್ದಾರೆ. ಇಬ್ಬರೂ ಅವಸರ ಮಾಡುತ್ತಿದ್ದಾರೆ. ಜನ, ಪ್ರಾಣಿ, ಬಾವಲಿಗಳು ಇದ್ದ ಜಾಗದ ಮಣ್ಣಿನಲ್ಲಿ ಸಾರಜನಕದ ಸಂಯುಕ್ತಗಳು ಸೇರುತ್ತವೆ. ಬ್ಯಾಕ್ಟೀರಿಯಾಗಳು ಅವನ್ನು ನೈಟ್ರೇಟುಗಳಾಗಿ ಮಾರ್ಪಡಿಸುತ್ತವೆ. ನೈಟ್ರೇಟುಗಳು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಬಯಲಿನಲ್ಲಿ ಮಳೆಗೆ ಕೊಚ್ಚಿಹೋಗುತ್ತವೆ, ಸೂರಿನ ಕೆಳಗೆ ಉಳಿಯುತ್ತವೆ. ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು ಹಿಂದೆ ತೆಗೆಯುತ್ತಿದ್ದುದೂ ಇಂಥ ಮಣ್ಣಿನಿಂದಲೇ. ಅಂದಮೇಲೆ 'ಮಳೆ ಕಾಣದ ಮಣ್ಣು' ಎಂಬ ಮಾತಿನಲ್ಲಿ ಅರ್ಥವಿದೆ, ನಾಲಿಗೆಯ ಪರೀಕ್ಷೆಯಲ್ಲೂ ಅರ್ಥವಿದೆ: ಉಪ್ಪಿನಂಶ ಇರುವ ಮಣ್ಣು ರುಚಿಯಲ್ಲಿ ಬೇರೆಯಾಗುತ್ತದೆ. (ಮಕ್ಕಳು ಇದನ್ನು ಅನುಕರಿಸುವುದು ಬೇಡ.) ಆದರೆ ಬೀದರ್ ಕೋಟೆಯ ಮಣ್ಣೇ ಆಗಬೇಕೆಂಬುದು ಬೇರೆ ಮಾತು. ಬಿದರಿಯನ್ನು ಹೈದರಾಬಾದ್, ಲಖನೌ, ಬಿಹಾರದ ಪೂರ್ಣಿಯಾಗಳಲ್ಲೂ ಮಾಡುತ್ತಿದ್ದರು. ಅಷ್ಟು ದೂರಕ್ಕೆ ಇಲ್ಲಿಯ ಮಣ್ಣು ಹೋಗುತ್ತಿತ್ತೆಂದು ನಂಬುವುದು ಕಷ್ಟ.

ತಾಮ್ರದ ಪಾತ್ರವೇನು? 1987ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯಗಳ ವಿಜ್ಞಾನಿಗಳಾದ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಹಳೆಯ ಬಿದರಿ ಪಾತ್ರೆಗಳ ಪರೀಕ್ಷೆಯನ್ನು ಪ್ರಕಟಿಸಿದರು. ಒಳ್ಳೆಯ ಕಪ್ಪು ಬರಬೇಕಾದರೆ ಸತುವಿನಲ್ಲಿ ಸ್ವಲ್ಪ ತಾಮ್ರ ಇರಲೇಬೇಕೆಂಬುದು ಇಂಥ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಹೊರಮೈಯ ಸತುವು ಕರಗಿಹೋದಂತೆ ತಾಮ್ರದ ಅಂಶ ಅಲ್ಲಿ ಹೆಚ್ಚಾಗಿ ಕಪ್ಪು ಪದರಕ್ಕೆ ಕಾರಣವಾಗುತ್ತದೆ. ಹದಿನಾರಕ್ಕೆ ಒಂದು ಎಂಬ ಲೆಕ್ಕ ಸುಮ್ಮನೆ ಬಂದದ್ದಲ್ಲ. ಈ ಕಸುಬಿನ ಬಗ್ಗೆ ಇಂಗ್ಲಿಷಿನಲ್ಲಿ ಮೊದಮೊದಲು ವಿವರವಾಗಿ ಬರೆದವರಲ್ಲಿ ಬೆಂಜಮಿನ್ ಹೈನೆ ಒಬ್ಬ. ಟಿಪ್ಪುವಿನ ನಂತರ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡ ಸಸ್ಯವಿಜ್ಞಾನಿ ಇವನೇ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿಯೂ ಬಿದರಿ ಇತ್ತು.

2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. 2023ರಲ್ಲಿ ಬೀದರಿನ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಕೆಲಸದ ಕೋಣೆಯ ಲೆಕ್ಕವೇ ಬೇರೆ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಬಳ್ಳಿಯ ಎಳೆ ತೆಳುವಾಗುತ್ತದೆ, ಹೂವಿನ ತಗಡು ಚಿಕ್ಕದಾಗುತ್ತದೆ. ಕುಲುಮೆ ಅತಿಯಾಗಿ ಕಾದರೆ ಏಳುವ ಬಿಳಿಹೊಗೆಯನ್ನು ಉಸಿರಾಡಿದವರಿಗೆ ಸಂಜೆಗೆ ಚಳಿಜ್ವರ ಬರಬಹುದು. ಅದು ಸತುವಿನ ಆಕ್ಸೈಡ್. ಇದಕ್ಕೆ ಹೊಗೆ ಹೋಗುವ ದಾರಿ ಬೇಕು, ಪದಕದಿಂದ ಪ್ರಯೋಜನವಿಲ್ಲ. ಅಚ್ಚು ಮಾಡುವವರು, ಕೆತ್ತುವವರು, ಬೆಳ್ಳಿ ಕೂರಿಸುವವರು ಹೆಚ್ಚಾಗಿ ಬೇರೆಬೇರೆಯವರು. ಒಬ್ಬರ ಮಗ ಬೇರೆ ಕೆಲಸಕ್ಕೆ ಹೋದರೆ ಉಳಿದಿಬ್ಬರ ಕೈಯೂ ನಿಲ್ಲುತ್ತದೆ.

ಶಿಕ್ಷಕರು ತರಗತಿಯಲ್ಲಿ ಪಲ್ಲಟ ಕ್ರಿಯೆ ತೋರಿಸುವಾಗ ಸತುವಿನ ತಗಡಿನ ಮೇಲೆ ಒಂದು ಬೆಳ್ಳಿಯ ಚೂರನ್ನೂ ಇಟ್ಟು ಮೈಲುತುತ್ತದ ನೀರು ಸವರಲಿ. ಬೆಳ್ಳಿ ಸತುವಿಗೆ ತಾಗದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ. ಸತುವು ಕಪ್ಪಾಗುತ್ತದೆ, ಬೆಳ್ಳಿ ಆಗುವುದಿಲ್ಲ. ಮೈಲುತುತ್ತ ವಿಷ, ಕೈ ತೊಳೆಯುವುದನ್ನು ಮರೆಯಬೇಡಿ. ಬೀದರಿಗೆ ಪ್ರವಾಸ ಹೋದಾಗ ಕೋಟೆಯ ಜೊತೆಗೆ ಬಿದರಿ ಕೆಲಸ ನಡೆಯುವ ಒಂದು ಮನೆಯನ್ನೂ ಮಕ್ಕಳಿಗೆ ತೋರಿಸಿ. ಮಣ್ಣನ್ನು ಮಾತ್ರ ಕೋಟೆಯಿಂದ ಜೇಬಿಗೆ ಹಾಕಿಕೊಳ್ಳಬೇಡಿ, ಅದು ಸಂರಕ್ಷಿತ ಸ್ಮಾರಕ.