ದೊಣ್ಣೆಯಿಂದ ಶುರುವಾಗುವ ಚೀನೀ ಯುದ್ಧವಿದ್ಯೆ

1561ರಲ್ಲಿ ಮಿಂಗ್ ಸಾಮ್ರಾಜ್ಯದ ದಂಡನಾಯಕ ಯು ದಾಯೌ ಉತ್ತರದ ಗಡಿಯಿಂದ ದಕ್ಷಿಣಕ್ಕೆ ಮರಳುವ ದಾರಿಯಲ್ಲಿ ಹೆನಾನ್ ಪ್ರಾಂತ್ಯದ ಶಾವೊಲಿನ್ ಮಠಕ್ಕೆ ಹೋದ. ಅಲ್ಲಿನ ಭಿಕ್ಷುಗಳ ದೊಣ್ಣೆವರಸೆಯ ಹೆಸರು ಆ ಹೊತ್ತಿಗಾಗಲೇ ದೇಶವೆಲ್ಲ ಹಬ್ಬಿತ್ತು. ಭಿಕ್ಷುಗಳು ವಿದ್ಯೆ ತೋರಿಸಿದರು. ಯು ದಾಯೌಗೆ ಅದು ಒಪ್ಪಿಗೆಯಾಗಲಿಲ್ಲ. ಹಳೆಯ ಗುಟ್ಟುಗಳೆಲ್ಲ ಇಲ್ಲಿ ಕಳೆದುಹೋಗಿವೆ ಎಂದು ಮುಖಕ್ಕೇ ಹೇಳಿದ. ಹಾಗಾದರೆ ನೀವೇ ಕಲಿಸಿ ಎಂದು ಭಿಕ್ಷುಗಳು ಕೇಳಿದರು. ಜೊಂಗ್‌ಚಿಂಗ್, ಪುಚೊಂಗ್ ಎಂಬ ಇಬ್ಬರು ತರುಣರು ಅವನ ಸೈನ್ಯದ ಜೊತೆ ಹೊರಟು, ಮೂರು ವರ್ಷಕ್ಕೂ ಮಿಕ್ಕಿ ಅವನಲ್ಲಿ ಕಲಿತು ಮಠಕ್ಕೆ ವಾಪಸಾದರು. ಇದು ಯು ದಾಯೌ ತಾನೇ ಬರೆದಿಟ್ಟ ವೃತ್ತಾಂತ, ಹಾಗಾಗಿ ಒಂದು ಕಡೆಯ ಮಾತು. ಆದರೂ ಇದು ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ. ಚೀನಾದ ದೊಣ್ಣೆವಿದ್ಯೆ ಯಾವುದೋ ಒಂದು ಮಠದ ಗೋಡೆಯೊಳಗೆ ಗುಟ್ಟಾಗಿ ಹುಟ್ಟಿ ಬೆಳೆದದ್ದಲ್ಲ. ದಂಡಿನಿಂದ ಮಠಕ್ಕೆ, ಮಠದಿಂದ ಊರಿಗೆ, ಊರಿನಿಂದ ಮತ್ತೆ ದಂಡಿಗೆ ಓಡಾಡುತ್ತಲೇ ಅದು ಬಲಿತಿದೆ. ಈ ಓಡಾಟವನ್ನು ಗಮನದಲ್ಲಿಟ್ಟುಕೊಂಡರೆ ಅದರ ಬಗೆಬಗೆಯ ರೂಪಗಳು ಏಕೆ ಹಾಗಿವೆ ಎಂಬುದು ತಾನಾಗಿ ತಿಳಿಯುತ್ತದೆ.

ಚೀನೀ ಗರಡಿಗಳಲ್ಲಿ ದೊಣ್ಣೆಗೆ ‘ಗುನ್’ ಎನ್ನುತ್ತಾರೆ; ಎಲ್ಲ ಆಯುಧಗಳ ಹಿರಿಯಜ್ಜ ಎಂಬ ಗೌರವವೂ ಅದಕ್ಕಿದೆ. ಈ ಹಿರಿತನಕ್ಕೆ ನೆಲದೊಳಗಿನ ಸಾಕ್ಷಿಯೂ ಸಿಕ್ಕಿದೆ. 1978ರಲ್ಲಿ ಹುಬೆ ಪ್ರಾಂತ್ಯದ ಸುಯ್‌ಜೌ ಬಳಿ ಜೆಂಗ್ ರಾಜ್ಯದ ಒಡೆಯ ಯೀ ಎಂಬವನ ಸಮಾಧಿಯನ್ನು ಅಗೆದಾಗ, ಕ್ರಿಸ್ತಪೂರ್ವ 5ನೇ ಶತಮಾನದ ‘ಶು’ ಎಂಬ ಆಯುಧಗಳು ಹೊರಬಂದವು. ಮೂರು ಮೀಟರಿಗೂ ಉದ್ದದ ಗಳಗಳು ಅವು. ಕೆಲವಕ್ಕೆ ಮೂರು ಅಂಚಿನ ಕಂಚಿನ ಮೊನೆ ಇದೆ, ಕೆಲವಕ್ಕೆ ಬರೀ ಕಂಚಿನ ಕುಪ್ಪಿ. ರಥದಲ್ಲಿ ನಿಂತವನು ಎದುರಿನ ರಥದವನನ್ನು ತಳ್ಳಿ ಬೀಳಿಸಲು ಅಲಗಿಗಿಂತ ಉದ್ದವೇ ಮುಖ್ಯವಾಗಿತ್ತು.

ರಥಗಳ ಕಾಲ ಮುಗಿದ ಮೇಲೆ ಶು ಅರಮನೆಯ ಕಾವಲಿನವರ ಕೈಯ ಅಲಂಕಾರವಾಗಿ ಉಳಿಯಿತು. ದೊಣ್ಣೆಗಳು ಮತ್ತೆ ವಿವರವಾಗಿ ಕಾಣಿಸಿಕೊಳ್ಳುವುದು ಸೊಂಗ್ ರಾಜವಂಶದ ಕಾಲದಲ್ಲಿ. 1044ರಲ್ಲಿ ಸಿದ್ಧವಾದ ‘ವುಜಿಂಗ್ ಜೊಂಗ್ಯಾವೊ’ ಎಂಬ ಸೈನಿಕ ಕೋಶದಲ್ಲಿ ಕಬ್ಬಿಣ ಸುತ್ತಿದ ಬಡಿಗೆ, ಕೊಕ್ಕೆ ಇರುವ ಬಡಿಗೆ, ತಲೆಯ ತುಂಬ ಮುಳ್ಳು ನಾಟಿದ ‘ತೋಳದ ಹಲ್ಲು’ ಬಡಿಗೆ ಮುಂತಾದವುಗಳ ಚಿತ್ರಗಳಿವೆ. ಮೈತುಂಬ ಲೋಹದ ಕವಚ ತೊಟ್ಟ ಕುದುರೆ ಸವಾರನಿಗೆ ಕತ್ತಿಯ ಏಟು ತಾಗುವುದಿಲ್ಲ. ಭಾರದ ಏಟು ಮಾತ್ರ ಕವಚದ ಮೇಲಿಂದಲೇ ಮೂಳೆ ಮುರಿಯುತ್ತದೆ. ಈ ಬಡಿಗೆಗಳ ಹುಟ್ಟಿಗೆ ಅದೇ ಕಾರಣ. ಅದೇ ಕೋಶದಲ್ಲಿ ಸರಪಳಿಯಿಂದ ಎರಡು ತುಂಡು ಜೋಡಿಸಿದ ಕಬ್ಬಿಣದ ಬಡಿಗೆಯೂ ಇದೆ. ಪಶ್ಚಿಮದ ಬುಡಕಟ್ಟುಗಳವರು ಕುದುರೆಯ ಮೇಲಿಂದ ಕಾಲಾಳುಗಳನ್ನು ಹೊಡೆಯಲು ಬಳಸುತ್ತಿದ್ದದ್ದು, ಕಣದಲ್ಲಿ ಕಾಳು ಬಡಿಯುವ ಸಾಧನದ ಆಕಾರದ್ದು ಎಂದು ಅಲ್ಲಿ ಬರೆದಿದೆ. ಇವತ್ತಿನ ‘ಶಾವೊಜಿ ಗುನ್’ ಅದೇ ಕುಲದ ಕುಡಿ. ಉದ್ದನೆಯ ಕೋಲು, ಅದರ ತುದಿಗೆ ಸರಪಳಿ, ಸರಪಳಿಗೆ ಒಂದು ಗಿಡ್ಡ ತುಂಡು. ಎದುರಾಳಿ ಗುರಾಣಿ ಅಡ್ಡ ಹಿಡಿದರೂ ಗಿಡ್ಡ ತುಂಡು ಮಡಚಿಕೊಂಡು ಗುರಾಣಿಯ ಹಿಂದಿನ ತಲೆಗೆ ಬಡಿಯುತ್ತದೆ.

ಇನ್ನು ಶಾವೊಲಿನ್ ಕಡೆಗೆ ಬರೋಣ. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೇ ಅಲ್ಲಿನವರಿಗೆ ಸಮರಕಲೆ ಕಲಿಸಿದ ಎಂಬ ಮಾತು ನಮ್ಮಲ್ಲಿ ತುಂಬ ಪ್ರಚಾರದಲ್ಲಿದೆ. ಹೆಮ್ಮೆಯಿಂದ ಹೇಳಿಕೊಳ್ಳುವವರ ಮನಸ್ಸು ನೋಯಿಸಲು ಇಷ್ಟವಿಲ್ಲ. ಆದರೆ ಅದಕ್ಕೆ ಆಧಾರವಿಲ್ಲ. ಚೀನೀ ಇತಿಹಾಸಕಾರ ತಾಂಗ್ ಹಾವೊ 1930ರಲ್ಲೇ ಆ ಕಥೆಯನ್ನು ಪರಿಶೀಲಿಸಿ ತಳ್ಳಿಹಾಕಿದ. 621ರಲ್ಲಿ ಶಾವೊಲಿನ್‌ನ ಭಿಕ್ಷುಗಳು ಮುಂದೆ ಚಕ್ರವರ್ತಿಯಾದ ಲಿ ಶಿಮಿನ್‌ನ ಪರ ಹೋರಾಡಿದ್ದು ನಿಜ, ಮಠದ 728ರ ಶಿಲಾಶಾಸನ ಅದನ್ನು ಹೇಳುತ್ತದೆ. ಆದರೆ ಅವರ ಕೈಯಲ್ಲಿ ಯಾವ ಆಯುಧವಿತ್ತು ಎಂಬುದನ್ನು ಹೇಳುವುದಿಲ್ಲ.

ಭಾರತದ ನಿಜವಾದ ಎಳೆ ಬೇರೆ ಕಡೆ ಇದೆ. ಮಠದವರು ತಮ್ಮ ದೊಣ್ಣೆವಿದ್ಯೆಯ ಮೂಲಪುರುಷ ಎಂದು ಪೂಜಿಸುವುದು ಬೋಧಿಧರ್ಮನನ್ನಲ್ಲ, ‘ಜಿನ್ನಾಲುವೊ’ ಎಂಬ ದೇವತೆಯನ್ನು. ಅದು ನಮ್ಮ ಪುರಾಣಗಳ ಕಿನ್ನರನೇ, ಬೌದ್ಧ ಗ್ರಂಥಗಳ ಮೂಲಕ ಅಲ್ಲಿಗೆ ಹೋದವನು. ಯುವಾನ್ ರಾಜವಂಶದ ಕೊನೆಯಲ್ಲಿ ಕೆಂಪು ಮುಂಡಾಸಿನ ಬಂಡಾಯಗಾರರು ಮಠಕ್ಕೆ ಮುತ್ತಿಗೆ ಹಾಕಿದಾಗ, ಅಡುಗೆಮನೆಯ ಒಬ್ಬ ಬಡ ಆಳು ಒಲೆ ಕೆದಕುವ ಕೋಲು ಹಿಡಿದು ಹೊರಬಂದು ಬೆಟ್ಟದೆತ್ತರ ಬೆಳೆದು ನಿಂತ, ವೈರಿಗಳು ಓಡಿಹೋದರು, ಅವನೇ ಕಿನ್ನರ ಎಂದು ಆಮೇಲೆ ತಿಳಿಯಿತು ಎಂಬುದು ಐತಿಹ್ಯ. 1517ರಲ್ಲಿ ಮಠದಲ್ಲಿ ನೆಟ್ಟ ಕಲ್ಲಿನಲ್ಲಿ ಈ ಕಥೆ ಕೊರೆದಿದೆ. ಜೀವಹಿಂಸೆ ನಿಷಿದ್ಧವಾದ ಭಿಕ್ಷುವಿನ ಕೈಗೆ ಅಲಗಿಲ್ಲದ ಕೋಲನ್ನು ದೇವತೆಯೇ ಕೊಟ್ಟಂತಾಯಿತು. ಆದರೆ ಆ ಕೋಲು ಜೀವ ತೆಗೆಯುತ್ತಿರಲಿಲ್ಲ ಎಂದುಕೊಳ್ಳಬಾರದು. 1553ರ ಬೇಸಿಗೆಯಲ್ಲಿ ಚೀನಾದ ಕರಾವಳಿಯ ಕಡಲ್ಗಳ್ಳರನ್ನು ಅಟ್ಟಿಸಿಕೊಂಡು ಹೋದ ಯೋಧಭಿಕ್ಷುಗಳ ತಂಡ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಅವರ ಕಡೆ ಸತ್ತವರು ನಾಲ್ವರು.

ಈ ವಿದ್ಯೆಯ ಬಗ್ಗೆ ಇರುವ ಅತ್ಯುತ್ತಮ ಪುಸ್ತಕ ಹುಟ್ಟಿದ್ದೂ ಈ ಕಾಲದಲ್ಲೇ. ಹ್ವೆಜೌ ಸೀಮೆಯ ಅನುಕೂಲಸ್ಥ ಮನೆತನದ ಚೆಂಗ್ ಜೊಂಗ್ಯೌ ಶಾವೊಲಿನ್‌ನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಲಿತು, 1610ರ ಸುಮಾರಿಗೆ ಶಾವೊಲಿನ್ ದೊಣ್ಣೆಪಟ್ಟುಗಳನ್ನು ಚಿತ್ರಸಮೇತ ಬರೆದಿಟ್ಟ. ಅವನ ಅಳತೆಗಳನ್ನು ನೋಡಿದರೆ ನಮ್ಮ ಕಲ್ಪನೆಯ ದೊಣ್ಣೆಯೇ ಬದಲಾಗುತ್ತದೆ. ಮರದ್ದಾದರೆ ಎಂಟರಿಂದ ಎಂಟೂವರೆ ಚೀನೀ ಅಡಿ, ಅಂದರೆ ಎರಡೂವರೆ ಮೀಟರಿನ ಆಸುಪಾಸು; ತೂಕ ಒಂದೂವರೆ ಕಿಲೋಗೆ ತುಸು ಮಿಕ್ಕಿ. ಕಬ್ಬಿಣದ್ದಾದರೆ ಏಳೂವರೆ ಅಡಿ, ತೂಕ ಒಂಬತ್ತು ಕಿಲೋ ಮೀರುತ್ತದೆ. ಇಷ್ಟುದ್ದದ ದೊಣ್ಣೆಯನ್ನು ಬೆರಳ ಸಂದಿಯಲ್ಲಿ ಗಿರಗಿರ ತಿರುಗಿಸಲಾಗದು. ಒಂದು ತುದಿಯನ್ನು ಸೊಂಟಕ್ಕೆ ಆನಿಸಿ, ಇನ್ನೊಂದನ್ನು ಎದುರಾಳಿಯ ಗಂಟಲಿಗೆ ಗುರಿ ಹಿಡಿದು ಈಟಿಯಂತೆ ತಿವಿಯಬೇಕು. ಅವನ ಶಾವೊಲಿನ್ ವರಸೆಯಲ್ಲಿ ಬಡಿಯುವುದಕ್ಕಿಂತ ತಿವಿಯುವುದೇ ಹೆಚ್ಚು. ಇದೇ ಕಾರಣಕ್ಕೆ ಮುಂದಿನ ತಲೆಮಾರಿನ ಈಟಿ ಪಂಡಿತ ವು ಶು ಶಾವೊಲಿನ್‌ನವರ ಮೇಲೆ ಹರಿಹಾಯ್ದ; ಈಟಿಯನ್ನು ದೊಣ್ಣೆಯ ಹಾಗೆ ಬಳಸಿ ಎರಡನ್ನೂ ಕೆಡಿಸಿದ್ದಾರೆ ಎಂಬುದು ಅವನ ತಕರಾರು. ನನಗೆ ಚೆಂಗ್‌ನ ದಾರಿಯೇ ಸರಿ ಕಾಣುತ್ತದೆ. ದಂಡಿನಲ್ಲಿ ಈಟಿಯ ಮೊನೆ ಮುರಿದರೆ ಕೈಯಲ್ಲುಳಿಯುವುದು ದೊಣ್ಣೆಯೇ ತಾನೆ?

ಯು ದಾಯೌ ತನ್ನ ದೊಣ್ಣೆ ಗ್ರಂಥದಲ್ಲಿ ಒತ್ತಿ ಹೇಳುವುದು ಸಮಯಪ್ರಜ್ಞೆಯನ್ನು: ಎದುರಾಳಿಯ ಒಂದು ಏಟಿನ ಬಲ ಖರ್ಚಾಗಿ ಮುಂದಿನದಕ್ಕೆ ಬಲ ಕೂಡುವ ಮೊದಲಿನ ಆ ಕ್ಷಣದಲ್ಲಿ ಹೊಡೆಯಬೇಕು. ಅವನ ಜೊತೆಗಾರ ಚಿ ಜಿಗ್ವಾಂಗ್ ಆ ಗ್ರಂಥವನ್ನು ತನ್ನ ಸೈನಿಕ ಕೈಪಿಡಿಗೆ ಸೇರಿಸಿಕೊಂಡ. ದೊಣ್ಣೆ ಕಲಿತವನಿಗೆ ಈಟಿ, ಕೊಡಲಿ, ತ್ರಿಶೂಲ ಯಾವುದು ಕೊಟ್ಟರೂ ನಡೆಯುತ್ತದೆ ಎಂಬುದು ಇಬ್ಬರ ಅನುಭವ.

ದೊಣ್ಣೆಗೆ ಬಳಸುವ ಮರದ ಬಗ್ಗೆ ಇಲ್ಲಿ ಹೇಳಲೇಬೇಕು. ಉತ್ತರ ಚೀನಾದಲ್ಲಿ ‘ಬಾಯ್‌ಲಾ’ ಎಂಬ ಮರದ್ದೇ ದರ್ಬಾರು. ಬಿಳಿ ಮೇಣ ಸುರಿಸುವ ಪುಟ್ಟ ಕೀಟವನ್ನು ಈ ಮರದ ಮೇಲೆ ಸಾಕುವುದರಿಂದ ಆ ಹೆಸರು. ಹಲಗೆ ಕೊಯ್ದು ಹೆರೆದು ದೊಣ್ಣೆ ಮಾಡುವುದಿಲ್ಲ. ನೆಟ್ಟಗೆ ಬೆಳೆದ ಎಳೆ ಗಿಡವನ್ನು ಬುಡದಿಂದ ಕಡಿದು, ತೊಗಟೆ ಸುಲಿದು, ಬೆಂಕಿಯ ಕಾವಿನಲ್ಲಿ ಡೊಂಕು ತಿದ್ದುತ್ತಾರೆ. ನಾರು ಎಲ್ಲೂ ತುಂಡಾಗದ ಕಾರಣ ಅದು ಬಿಲ್ಲಿನಂತೆ ಬಾಗುತ್ತದೆ, ಸೀಳುವುದಿಲ್ಲ. ಬುಡ ದಪ್ಪ, ತುದಿ ಸಣ್ಣ. ಬುಡ ಹಿಡಿದು ಸೊಂಟವನ್ನೊಮ್ಮೆ ಝಾಡಿಸಿದರೆ ಆ ಅದುರು ಮರದುದ್ದಕ್ಕೂ ಓಡಿ ತುದಿಯಲ್ಲಿ ಸಿಡಿಯುತ್ತದೆ. ದಕ್ಷಿಣದವರಿಗೆ ಈ ಬಳುಕು ಬೇಡ. ಅವರು ಗಟ್ಟಿ, ಭಾರದ ಮರ ಆರಿಸುತ್ತಾರೆ.

ಅಳತೆಯ ಪ್ರಕಾರ ನೋಡಿದರೆ, ಎಲ್ಲರೂ ಮೊದಲು ಹಿಡಿಯುವುದು ಹುಬ್ಬಿನೆತ್ತರದ ‘ಚಿಮೆ ಗುನ್’. ಪಕ್ಕದಲ್ಲಿ ನಿಲ್ಲಿಸಿದರೆ ಹಿಡಿದವನ ಹುಬ್ಬಿಗೆ ಬರಬೇಕು. ಎರಡೂ ತುದಿ ಕೆಲಸ ಮಾಡುತ್ತವೆ. ಮೇಲಿಂದ ಸೀಳಿದ ಹಾಗೆ ಹೊಡೆಯುವುದು ‘ಪಿ’, ಕಾಲಿಗೆ ಬೀಸುವುದು ‘ಸಾವೊ’, ಕೆಳಗಿಂದ ಎತ್ತುವುದು ‘ಲಿಯಾವೊ’, ತುದಿಯಿಂದ ಕುಟುಕುವುದು ‘ದಿಯಾನ್’. ಹಲವರು ಮುತ್ತಿಕೊಂಡಾಗ, ಬಯಲಿನಲ್ಲಿ, ಇದರ ಬೀಸು ಸುತ್ತ ಜಾಗ ಬಿಡಿಸುತ್ತದೆ. ಶಾನ್ಶಿ, ಗಾನ್ಸು ಕಡೆಯ ಕುರಿಗಾಹಿಗಳ, ಗಾಡಿ ಹೊಡೆಯುವವರ ‘ಬಿಯೆನ್‌ಗಾನ್’ ಇದರ ತಮ್ಮ: ಚಾವಟಿಯ ಕೋಲು, ಕೈಯಿಂದ ಕೈಗೆ ಜಾರಿಸುತ್ತ ಎರಡೂ ತುದಿಯಿಂದ ಹೊಡೆಯುವಂಥದು. ಇನ್ನು ‘ಗ್ವಾಯ್’ಗೆ ಊರುಗೋಲಿನಂತೆ ಅಡ್ಡ ಹಿಡಿಕೆಯಿದೆ, ಜೋಡಿಯಾಗಿ ಹಿಡಿದು ಮುಂಗೈಗೆ ಒತ್ತಿಕೊಂಡರೆ ಕತ್ತಿಯ ಏಟು ತಡೆಯಬಹುದು.

ಎಲ್ಲಕ್ಕೂ ಉದ್ದದ್ದು ‘ದಾ ಗಾನ್’, ಮೂರು ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಗಳ. ಇದರಲ್ಲಿ ಕಾದಾಡುವವರು ಈಗ ಇಲ್ಲ, ಸಾಧನೆ ಮಾಡುವವರಿದ್ದಾರೆ. ಬಾಜಿ, ತಾಯ್‌ಚಿ ಪರಂಪರೆಗಳವರು ಈ ಗಳವನ್ನು ಹಿಡಿದು ಮೂರೇ ಚಲನೆ ಮಾಡುತ್ತಾರೆ: ಹೊರಸುತ್ತು, ಒಳಸುತ್ತು, ತಿವಿತ. ತೋಳಿನ ಬಲ ಹತ್ತು ಸಲಕ್ಕೇ ಮುಗಿಯುತ್ತದೆ; ಅಲ್ಲಿಂದ ಮುಂದೆ ಸೊಂಟ, ತೊಡೆ, ಪಾದ ಕೆಲಸಕ್ಕೆ ಇಳಿಯಲೇಬೇಕು. ತುದಿ ಸ್ವಲ್ಪ ಅಲುಗಿದರೂ ತಪ್ಪು ಎದುರಿಗೇ ಕಾಣುತ್ತದೆ.

ದಕ್ಷಿಣದ ಗ್ವಾಂಗ್‌ದೊಂಗ್ ಕಡೆಗೂ ಇಂಥದೇ ಉದ್ದ ಗಳವಿದೆ. ವಿಂಗ್ ಚುನ್ ಪರಂಪರೆಯ ‘ಆರೂವರೆ ಏಟಿನ ಗಳ’ ನದಿಯ ಮೇಲೆ ಓಡಾಡುತ್ತಿದ್ದ ನಾಟಕ ಮಂಡಳಿಗಳ ಕೆಂಪು ದೋಣಿಗಳಿಂದ, ದೋಣಿ ತಳ್ಳುವ ಗಳದಿಂದ ಬಂತು ಎಂದು ಗುರುಗಳು ಹೇಳುತ್ತಾರೆ. ಒಂದೇ ತುದಿಯಿಂದ ಹೊಡೆಯುವ, ಕುಣಿತವಿಲ್ಲದ, ಕೆಲವೇ ಏಟುಗಳ ವಿದ್ಯೆ ಅದು. ಹುಂಗ್ ಗಾರ್ ಪರಂಪರೆಯ ‘ಐದನೆಯ ಮಗನ ಅಷ್ಟಕೋನ ಗಳ’ಕ್ಕೆ ಸೊಂಗ್ ಕಾಲದ ಯಾಂಗ್ ಮನೆತನದ ಕಥೆ ಅಂಟಿಕೊಂಡಿದೆ. ಅಣ್ಣತಮ್ಮಂದಿರನ್ನು ಕಳೆದುಕೊಂಡ ಐದನೆಯವನು ವುತಾಯ್ ಬೆಟ್ಟದಲ್ಲಿ ಸನ್ಯಾಸಿಯಾಗಿ, ಮನೆತನದ ಈಟಿಯ ಮೊನೆ ಕಿತ್ತು ದೊಣ್ಣೆ ಮಾಡಿಕೊಂಡನಂತೆ. ಐತಿಹ್ಯವೇ ಇರಬಹುದು, ಈಟಿ ದೊಣ್ಣೆಗಳ ನಂಟನ್ನು ಜನರ ನೆನಪೂ ಗುರುತಿಸಿದೆ ಎಂಬುದು ಮುಖ್ಯ.

ಮೂರು ತುಂಡಿನ ‘ಸಾನ್‌ಜಿಯೆ ಗುನ್’ ಬಗ್ಗೆ ಕೇಳದ ಸಿನಿಮಾಪ್ರಿಯರಿಲ್ಲ. ಸೊಂಗ್ ವಂಶದ ಸ್ಥಾಪಕ ಜಾವೊ ಕ್ವಾಂಗ್‌ಯಿನ್‌ನ ಹೆಸರಿಗೆ ಅದನ್ನು ಕಟ್ಟುತ್ತಾರೆ. ನಡುವಿನ ತುಂಡು ಹಿಡಿದರೆ ಅಕ್ಕಪಕ್ಕದ ಎರಡೂ ತುಂಡು ಹೊಡೆಯುತ್ತವೆ. ಒಂದು ಕೊನೆ ಹಿಡಿದು ಬಿಟ್ಟರೆ ಒಮ್ಮೆಲೇ ಬೀಸು ಉದ್ದವಾಗುತ್ತದೆ. ಆದರೆ ಏಟು ತಾಗಿದ ಮೇಲೆ ತುಂಡು ಯಾವ ಕಡೆ ಪುಟಿಯುತ್ತದೆ ಎಂದು ತಿಳಿಯದವನಿಗೆ ಅದು ಎದುರಾಳಿಗಿಂತ ಹೆಚ್ಚು ಅಪಾಯಕಾರಿ.

ಚಿಂಗ್ ರಾಜವಂಶ ಬಂದ ಮೇಲೆ ಈ ವಿದ್ಯೆಗೆ ಮಂಕು ಕವಿಯಿತು. 1727ರಲ್ಲಿ ಯೊಂಗ್‌ಜೆಂಗ್ ಚಕ್ರವರ್ತಿ ಮುಷ್ಟಿ ಮತ್ತು ದೊಣ್ಣೆ ವಿದ್ಯೆಗಳನ್ನು ಕಲಿಸುವುದನ್ನು ನಿಷೇಧಿಸಿದ. 1828ರಲ್ಲಿ ಶಾವೊಲಿನ್‌ಗೆ ಹೋದ ಲಿನ್‌ಚಿಂಗ್ ಎಂಬ ಅಧಿಕಾರಿಯ ಮುಂದೆ ಭಿಕ್ಷುಗಳು ತಮಗೆ ಏನೂ ಬರುವುದಿಲ್ಲ ಎಂದೇ ಮೊದಲು ಹೇಳಿದರು. ಅವನು ಧೈರ್ಯ ಕೊಟ್ಟ ಮೇಲಷ್ಟೇ ಪ್ರದರ್ಶನಕ್ಕೆ ಒಪ್ಪಿದರು. ಅಷ್ಟರಲ್ಲಿ ಬಂದೂಕು ರಣರಂಗವನ್ನು ಆಕ್ರಮಿಸುತ್ತಿತ್ತು. ಬರಿಗೈ ವಿದ್ಯೆಗೆ ಆರೋಗ್ಯ, ಧ್ಯಾನಗಳ ಮಾನ್ಯತೆ ಸಿಕ್ಕಿತು, ದೊಣ್ಣೆಗೆ ಸಿಗಲಿಲ್ಲ. ಶಾವೊಲಿನ್ ಎಂದರೆ ಮುಷ್ಟಿಯುದ್ಧ ಎಂಬ ಇವತ್ತಿನ ಭಾವನೆ ಈಚಿನದು. ಚೆಂಗ್ ಜೊಂಗ್ಯೌ ಬರೆಯುವಾಗ, ದೊಣ್ಣೆ ಅಲ್ಲಿ ಆಗಲೇ ಪೂರ್ಣತೆಗೆ ಮುಟ್ಟಿತ್ತು, ಮುಷ್ಟಿಯನ್ನು ಕೆಲವರು ಹೊಸದಾಗಿ ರೂಢಿಸಿಕೊಳ್ಳುತ್ತಿದ್ದರು.

ದೊಣ್ಣೆಗೆ ಮರುಜೀವ ಕೊಟ್ಟದ್ದು ಇಪ್ಪತ್ತನೆಯ ಶತಮಾನ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಶುರುವಾದ ಕೇಂದ್ರೀಯ ಗ್ವೊಶು (ರಾಷ್ಟ್ರೀಯ ಸಮರಕಲೆ) ಸಂಸ್ಥೆ ಬೇರೆ ಬೇರೆ ಸೀಮೆಗಳ ಉಸ್ತಾದರನ್ನು ಒಂದೆಡೆ ತಂದಿತು. ಹಾಂಗ್‌ಕಾಂಗ್ ಸಿನಿಮಾ ದೊಣ್ಣೆಯನ್ನು ಲೋಕಕ್ಕೆಲ್ಲ ತೋರಿಸಿತು. ಹುಂಗ್ ಗಾರ್ ಪರಂಪರೆಯಲ್ಲೇ ಬೆಳೆದ ಲಾವ್ ಕಾರ್ ಲಿಯುಂಗ್ ನಿರ್ದೇಶಿಸಿದ 1978ರ ‘36ನೇ ಕೋಣೆ’ ಚಿತ್ರದಲ್ಲಿ ಮೂರು ತುಂಡಿನ ದೊಣ್ಣೆ ಇದೆ, 1984ರ ‘ಅಷ್ಟಕೋನ ಗಳದ ವೀರ’ದಲ್ಲಿ ಉದ್ದ ಗಳ ಇದೆ. ಎರಡರಲ್ಲೂ ಏಟುಗಳಿಗೆ ತೂಕವಿದೆ, ಹೆಜ್ಜೆಗೆ ಬೇರಿದೆ.

1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಚೀನೀ ಸಮರಕಲೆಗಳ ಕ್ರೀಡಾರೂಪವಾದ ವುಶುಗೂ ಪಂದ್ಯದ ಸ್ಥಾನ ಸಿಕ್ಕಿತು. ಉತ್ತರದ ‘ಗುನ್‌ಶು’, ದಕ್ಷಿಣದ ‘ನಾನ್‌ಗುನ್’ ಎರಡಕ್ಕೂ ಇಂದು ವಿಶ್ವಮಟ್ಟದ ಸ್ಪರ್ಧೆಯಿದೆ. ನಮ್ಮ ದೇಶದ ಹುಡುಗ ಹುಡುಗಿಯರೂ ಸ್ಪರ್ಧಿಸುತ್ತಾರೆ. ದೊಣ್ಣೆ ಆಟಗಾರನ ಎತ್ತರಕ್ಕಿಂತ ಗಿಡ್ಡವಿರಬಾರದು ಎಂಬ ನಿಯಮವಿದೆ. ಜಿಗಿತ, ತಿರುವು, ನೆಲಕ್ಕೆ ಬಡಿಯುವ ಸದ್ದು ಎಲ್ಲವೂ ಬೆರಗು ಹುಟ್ಟಿಸುತ್ತವೆ, ಆ ದೇಹಗಳ ಪರಿಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಒಂಟಿ ಪ್ರದರ್ಶನದಲ್ಲಿ ಎದುರಾಳಿಯ ದೊಣ್ಣೆ ಇಲ್ಲ. ಆ ದೊಣ್ಣೆ ಇಲ್ಲದಿದ್ದರೆ ಯು ದಾಯೌ ಹೇಳಿದ ಸಮಯಪ್ರಜ್ಞೆಯನ್ನು ಕಲಿಯುವುದು ಹೇಗೆ, ಅಳೆಯುವುದು ಹೇಗೆ? ತೀರ್ಪುಗಾರರ ಅಂಕಗಳು ನೆಲೆನಿಂತ ವರಸೆಗಿಂತ ಗಾಳಿಯಲ್ಲಿನ ತಿರುವಿನ ಕಡೆ ವಾಲಿದಷ್ಟೂ ಈ ವಿದ್ಯೆ ಜಿಮ್ನ್ಯಾಸ್ಟಿಕ್ಸ್‌ಗೆ ಹತ್ತಿರವಾಗುತ್ತದೆ, ಈಟಿಯಿಂದ ದೂರವಾಗುತ್ತದೆ.

ಕಲಿಯಬೇಕು ಎನ್ನುವವರು ಸರಪಳಿ ಜೋಡಿಸಿದ ದೊಣ್ಣೆಗೆ ಕೈ ಹಾಕುವ ಮೊದಲು ಹುಬ್ಬಿನೆತ್ತರದ ಸಾದಾ ಕೋಲು ಹಿಡಿಯಲಿ. ಜೊತೆಗೆ ಇನ್ನೊಂದು ಕೋಲು ಹಿಡಿದ ಒಬ್ಬ ಜೊತೆಗಾರನನ್ನೂ ಹುಡುಕಿಕೊಳ್ಳಲಿ.