ವೇಗಿಯ ಬೆನ್ನಿಗೂ ಒಂದು ಸವಕಳಿ ಲೆಕ್ಕ: ಶ್ರೀನಾಥ್‌ರಿಂದ ಪ್ರಸಿದ್ಧ್‌ವರೆಗೆ

ಚನ್ನಪಟ್ಟಣ, ರಾಮನಗರದಿಂದ ಬೆಳಗ್ಗೆ ಟ್ರೇನ್ ಹಿಡಿದಿರೋರು, ಕನಕಪುರ, ಮಾಗಡಿಯಿಂದ ಬಸ್ಸಲ್ಲಿ ನಿಂತ್ಕೊಂಡೇ ಕೇಳ್ತಿರೋರು, ಎಲ್ಲರಿಗೂ ಇವತ್ತು ಕ್ರಿಕೆಟ್ ಕಥೆ. ಆದ್ರೆ ಸೆಂಚುರಿಗಳ ಕಥೆ ಅಲ್ಲ. ಕರ್ನಾಟಕದ ವೇಗದ ಬೌಲರ್‌ಗಳ ಭುಜ, ಬೆನ್ನು, ತೊಡೆಯ ಕಥೆ.

ರಣಜಿ ಟ್ರೋಫಿ 2024-25ರಿಂದ ಎರಡು ಭಾಗವಾಗಿ ನಡೀತಿದೆ. ಅಕ್ಟೋಬರ್, ನವೆಂಬರ್‌ನಲ್ಲಿ ಐದು ಪಂದ್ಯ. ಆಮೇಲೆ ಬಿಳಿ ಚೆಂಡಿನ ಟೂರ್ನಿಗಳು. ಜನವರಿಯಲ್ಲಿ ಮತ್ತೆ ರಣಜಿ. ಈ ನಡುವಿನ ಬಿಡುವು ಇದೆಯಲ್ಲ, ಆಗ ನಮ್ಮ ಟೀ ಅಂಗಡಿಗಳಲ್ಲಿ ಎಲ್ಲರೂ ಸೆಲೆಕ್ಟರ್‌ಗಳೇ. ಗೆದ್ರೆ 6 ಪಾಯಿಂಟ್, ಇನಿಂಗ್ಸ್ ಅಥವಾ 10 ವಿಕೆಟ್ ಗೆಲುವಾದ್ರೆ 7, ಡ್ರಾ ಆದ್ರೆ ಮೊದಲ ಇನಿಂಗ್ಸ್ ಲೀಡ್‌ಗೆ 3, ಲೀಡ್ ಬಿಟ್ಟುಕೊಟ್ರೆ 1. ಬೆರಳು ಮಡಚಿ ಎಣಿಸ್ತಾ ಎಣಿಸ್ತಾ ಒಬ್ಬ ಹೇಳ್ತಾನೆ, "ಆ ಬೌಲರ್ ಮತ್ತೆ ಗಾಯ ಅಂತೆ ಕಣೋ." ಇನ್ನೊಬ್ಬ ತಕ್ಷಣ, "ಐಪಿಎಲ್ ಬರ್ಲಿ, ತಾನಾಗೇ ವಾಸಿಯಾಗುತ್ತೆ ಬಿಡು."

ಈ ಎರಡನೇ ಮಾತಿನ ಬಗ್ಗೆ ನನಗೆ ತಕರಾರಿದೆ. ಯಾಕೆ ಅಂತ ಹೇಳೋಕೆ ನಾನು ಓದಿದ ಬಿಕಾಂನಿಂದ ಒಂದು ಪದ ತರ್ತೀನಿ: ಸವಕಳಿ. ಯಂತ್ರ ಕೊಂಡ ದಿನದಿಂದ ಅದು ಸವೆಯೋಕೆ ಶುರು. ವರ್ಷಾ ವರ್ಷ ಆ ಸವೆತವನ್ನ ಖರ್ಚು ಅಂತ ಬರೀಬೇಕು. ಬರೆಯದಿದ್ರೆ ಪುಸ್ತಕದಲ್ಲಿ ಲಾಭ ಜಾಸ್ತಿ ಕಾಣುತ್ತೆ. ಯಂತ್ರ ನಿಂತ ದಿನ ಎಲ್ಲಾ ನಷ್ಟ ಒಟ್ಟಿಗೇ ತಲೆ ಮೇಲೆ ಬೀಳುತ್ತೆ. ನಮ್ಮ ವೇಗಿಗಳ ವಿಷಯದಲ್ಲಿ ಕ್ರಿಕೆಟ್ ಬಹಳ ವರ್ಷ ಮಾಡಿದ್ದು ಇದನ್ನೇ. ವಿಕೆಟ್ ಬರೆದ್ರು, ಸವೆತ ಬರೀಲಿಲ್ಲ.

ಮೈಸೂರಿನ ಭುಜ

ಜಾವಗಲ್ ಶ್ರೀನಾಥ್. ಮೈಸೂರಿನ ಎಂಜಿನಿಯರಿಂಗ್ ಹುಡುಗ. ಹೈದರಾಬಾದ್ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಪಾದಾರ್ಪಣೆ. ಆದ್ರೆ ಕಪಿಲ್ ದೇವ್ 1994ರಲ್ಲಿ ನಿವೃತ್ತಿ ಆಗೋವರೆಗೂ ನಮ್ಮ ನೆಲದ ಟೆಸ್ಟ್‌ಗಳಲ್ಲಿ ಅವರಿಗೆ ಜಾಗ ಇರಲಿಲ್ಲ. ಕಾದು ಕಾದು ಜಾಗ ಸಿಕ್ಕಿದ ಮೇಲೆ ಏನಾಯ್ತು ಅನ್ನೋದನ್ನ ಖಾತೆ ಪುಸ್ತಕದ ಥರ ಓದ್ತೀನಿ, ಕೇಳಿ.

1995ರ ಬೇಸಿಗೆ: ಇಂಗ್ಲೆಂಡ್‌ನ ಗ್ಲೌಸ್ಟರ್‌ಶೈರ್ ಕೌಂಟಿ. ಕೋರ್ಟ್ನಿ ವಾಲ್ಶ್ ವೆಸ್ಟ್ ಇಂಡೀಸ್ ತಂಡದ ಜೊತೆ ಇದ್ದಿದ್ರಿಂದ ಆ ಜಾಗಕ್ಕೆ ಶ್ರೀನಾಥ್. ಒಂದೇ ಸೀಸನ್‌ನಲ್ಲಿ 87 ಪ್ರಥಮ ದರ್ಜೆ ವಿಕೆಟ್. 1996 ಫೆಬ್ರವರಿ, ಮಾರ್ಚ್: ವಿಶ್ವಕಪ್. ಅದಾದ್ಮೇಲೆ ಸಿಂಗಾಪುರ, ಶಾರ್ಜಾ. ಜೂನ್‌ನಿಂದ ಇಂಗ್ಲೆಂಡ್ ಟೆಸ್ಟ್‌ಗಳು. ಸೆಪ್ಟೆಂಬರ್‌ನಲ್ಲಿ ಟೊರೊಂಟೊ. ಅಕ್ಟೋಬರ್‌ನಲ್ಲಿ ಟೈಟನ್ ಕಪ್. ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಕುಂಬ್ಳೆ ಮತ್ತು ಶ್ರೀನಾಥ್ ಒಂಬತ್ತನೇ ವಿಕೆಟ್‌ಗೆ ನಿಂತು ಗೆಲ್ಲಿಸಿದ್ದು ಆಗಲೇ. ನಾನಿನ್ನೂ ಹುಟ್ಟಿರಲಿಲ್ಲ, ಅಪ್ಪ ಈಗಲೂ ಅದನ್ನ ನಿನ್ನೆ ನಡೆದಂಗೆ ಹೇಳ್ತಾರೆ. ಒಂದೇ ತಿಂಗಳಾದ್ಮೇಲೆ, ನವೆಂಬರ್‌ನಲ್ಲಿ ಅಹಮದಾಬಾದ್ ಟೆಸ್ಟ್. ದಕ್ಷಿಣ ಆಫ್ರಿಕಾಕ್ಕೆ 170 ರನ್ ಗುರಿ. ಶ್ರೀನಾಥ್ 21 ರನ್‌ಗೆ 6 ವಿಕೆಟ್ ಕಿತ್ರು, ಎದುರಾಳಿ 105ಕ್ಕೆ ಆಲೌಟ್. ಡಿಸೆಂಬರ್ ಕೊನೆಗೆ ದಕ್ಷಿಣ ಆಫ್ರಿಕಾ ನೆಲದಲ್ಲೇ ಟೆಸ್ಟ್ ಸರಣಿ.

1997ರ ವೆಸ್ಟ್ ಇಂಡೀಸ್ ಪ್ರವಾಸ ಬಂದಾಗ ಭುಜ ಕೈಕೊಟ್ತು. ರೊಟೇಟರ್ ಕಫ್ ಅಂತಾರೆ. ಭುಜದ ಗುಂಡನ್ನ ಗೂಡಲ್ಲಿ ಹಿಡಿದಿಡೋ ನಾಲ್ಕು ಸ್ನಾಯುಗಳು ಮತ್ತು ಅವುಗಳ ಸ್ನಾಯುರಜ್ಜುಗಳು. ಚೆಂಡು ಕೈಬಿಟ್ಟ ಮೇಲೆ ಜೋರಾಗಿ ತಿರುಗ್ತಿರೋ ತೋಳಿಗೆ ಬ್ರೇಕ್ ಹಾಕೋದು ಇವೇ. ಪ್ರತಿ ಎಸೆತಕ್ಕೂ ಒಂದು ಬ್ರೇಕ್. ಬ್ರೇಕ್ ಸವೆದಿತ್ತು, ಶಸ್ತ್ರಚಿಕಿತ್ಸೆಯೇ ಗತಿ ಆಯ್ತು.

ಶ್ರೀನಾಥ್ ಇಲ್ಲದ ಆ ಸರಣಿಯ ಬಾರ್ಬಡೋಸ್ ಟೆಸ್ಟ್‌ನಲ್ಲಿ ಬೌಲಿಂಗ್ ಹೊತ್ತಿದ್ದು ವೆಂಕಟೇಶ್ ಪ್ರಸಾದ್, ದೊಡ್ಡ ಗಣೇಶ್, ಅನಿಲ್ ಕುಂಬ್ಳೆ ಮತ್ತು ಮುಂಬೈನ ಅಬೆ ಕುರುವಿಲ್ಲಾ. ನಾಲ್ವರಲ್ಲಿ ಮೂವರು ನಮ್ಮವರೇ. ಗೆಲ್ಲೋಕೆ 120 ಬೇಕಿತ್ತು, ಭಾರತ 81ಕ್ಕೆ ಆಲೌಟ್. ಅಂದ್ರೆ ಅಲ್ಲಿ ಬೌಲರ್‌ಗಳು ತಮ್ಮ ಕೆಲಸ ಮಾಡಿದ್ರು, ಬ್ಯಾಟಿಂಗ್ ಮುಳುಗಿಸ್ತು. ಶ್ರೀನಾಥ್ ಇಲ್ಲದ ಕೊರತೆ ನಿಜವಾಗಿ ಕಂಡಿದ್ದು ಅದೇ ಆಗಸ್ಟ್‌ನಲ್ಲಿ. ಕೊಲಂಬೊದಲ್ಲಿ ಶ್ರೀಲಂಕಾ 6 ವಿಕೆಟ್‌ಗೆ 952. ಟೆಸ್ಟ್ ಇತಿಹಾಸದ ಅತಿ ದೊಡ್ಡ ಮೊತ್ತ.

ವರ್ಷದ ಕೊನೆಗೆ ಶ್ರೀನಾಥ್ ವಾಪಸ್ ಬಂದ್ರು. 1999 ಫೆಬ್ರವರಿಯಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತಗೊಂಡ್ರು. ಅದೂ ಸೋತ ಪಂದ್ಯ. ಒಟ್ಟು 236 ಟೆಸ್ಟ್ ವಿಕೆಟ್. ಅದರಲ್ಲಿ ಹಲವು ಹೊಲಿಗೆ ಹಾಕಿದ ಭುಜದಲ್ಲಿ.

ಮೈಸೂರಿನಲ್ಲಿ 6 ರನ್

ಈಗ 2010ರ ಜನವರಿಗೆ ಬನ್ನಿ. ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನ, ರಣಜಿ ಫೈನಲ್, ಎದುರಿಗೆ ಮುಂಬೈ. ನಮ್ಮೂರಿಂದ ಮೈಸೂರು ರಸ್ತೇಲಿ ನೇರ ಹೋದ್ರೆ ಸಿಗೋ ಊರು. ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಆಲೌಟ್. ಗೆಲ್ಲೋಕೆ 338 ಬೇಕು. ಮನೀಶ್ ಪಾಂಡೆ 144 ಹೊಡೆದ್ರು. 331ಕ್ಕೆ ಎಲ್ಲಾ ಮುಗೀತು. 6 ರನ್ ಸೋಲು.

ಆ ಸೀಸನ್‌ನ ಪತ್ತೆ ಅಭಿಮನ್ಯು ಮಿಥುನ್. 17 ವರ್ಷ ಆಗೋವರೆಗೂ ಲೆದರ್ ಬಾಲ್‌ನಲ್ಲಿ ಬೌಲಿಂಗ್ ಮಾಡಿರದ ಹುಡುಗ, ಮೊದಲ ರಣಜಿ ಪಂದ್ಯದಲ್ಲೇ ಉತ್ತರ ಪ್ರದೇಶದ ವಿರುದ್ಧ ಹ್ಯಾಟ್ರಿಕ್ ತಗೊಂಡು, ಸೀಸನ್ ಮುಗಿಯೋದ್ರೊಳಗೆ 47 ವಿಕೆಟ್ ಎತ್ತಿದ್ದ. ಅದೇ ಜುಲೈನಲ್ಲಿ ಗಾಲೆಯಲ್ಲಿ ಟೆಸ್ಟ್ ಕ್ಯಾಪ್. ಬಾಗಿಲು ತೆರೆದಿದ್ದು ಜಹೀರ್ ಖಾನ್ ಗಾಯದಿಂದ. ವೇಗಿಗಳ ಲೋಕದಲ್ಲಿ ಹೀಗೇ, ಒಬ್ಬನ ನೋವು ಇನ್ನೊಬ್ಬನ ನೇಮಕಾತಿ ಪತ್ರ. ಅದಕ್ಕೇ ಯಾರೂ ನೋವಿದೆ ಅಂತ ಬಾಯಿಬಿಟ್ಟು ಹೇಳಲ್ಲ.

ಕರ್ನಾಟಕದ ಒಳ್ಳೆ ಕಾಲ ಬಂದಿದ್ದು ಯಾವಾಗ? ಆರ್. ವಿನಯ್ ಕುಮಾರ್, ಮಿಥುನ್, ಎಸ್. ಅರವಿಂದ್ ಒಟ್ಟಿಗೆ ಆಡಿದಾಗ. 2013-14 ಮತ್ತು 2014-15, ಸತತ ಎರಡು ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ನಮ್ಮದೇ. 2015ರ ಫೈನಲ್‌ನಲ್ಲಿ ತಮಿಳುನಾಡು 134ಕ್ಕೆ ಆಲೌಟ್, ವಿನಯ್‌ಗೆ 5 ವಿಕೆಟ್. ಅದೇ ಪಂದ್ಯದಲ್ಲಿ ವಿನಯ್ ಸೆಂಚುರಿ, ಕರುಣ್ ನಾಯರ್ 328. ಇನಿಂಗ್ಸ್ ಮತ್ತು 217 ರನ್ ಗೆಲುವು. ಎಲ್ಲರಿಗೂ ನೆನಪಿರೋದು 328. ಆದ್ರೆ ಸೀಸನ್ ಪೂರ್ತಿ ಹೊರೆಯನ್ನ ಮೂವರು ಹಂಚಿಕೊಂಡು ಹೊತ್ತಿದ್ರು ಅನ್ನೋದು ನನಗೆ ಅಷ್ಟೇ ಮುಖ್ಯ. 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಅಂಥ ಭಯಂಕರ ವೇಗಿ ಅಲ್ಲ. ಲೈನ್, ಸ್ವಿಂಗ್, ವರ್ಷಾನುಗಟ್ಟಲೆ ಮೈದಾನದಲ್ಲಿರೋ ಶಕ್ತಿ. ಪ್ರಥಮ ದರ್ಜೆಯಲ್ಲಿ 504 ವಿಕೆಟ್ ತಗೊಂಡೇ ನಿಂತಿದ್ದು.

ಮತ್ತೆ 6 ರನ್

ಪ್ರಸಿದ್ಧ್ ಕೃಷ್ಣ. ಎತ್ತರದ ಹುಡುಗ, ಬೌನ್ಸ್ ಜೋರು. 2022ರ ಆಗಸ್ಟ್‌ನ ಜಿಂಬಾಬ್ವೆ ಪ್ರವಾಸ ಆದ್ಮೇಲೆ ಸೊಂಟದ ಹತ್ತಿರ ಬೆನ್ನುಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್. ಬಿದ್ದು ಮುರಿಯೋ ಮುರಿತ ಅಲ್ಲ ಇದು. ಬೌಲರ್ ಮುಂಗಾಲು ಊರಿದಾಗ ದೇಹದ ತೂಕದ ಹಲವು ಪಟ್ಟು ಭಾರ ಕಾಲಿಂದ ಮೇಲೆ ಬರುತ್ತೆ. ಅದೇ ಕ್ಷಣದಲ್ಲಿ ಬೆನ್ನು ಬಾಗಿ, ತಿರುಚಿಕೊಂಡಿರುತ್ತೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ರೆಸ್ಟ್ ಕೊಟ್ರೆ ಕೂಡಿಕೊಳ್ಳುತ್ತೆ, ಕೊಡದಿದ್ರೆ ಬಿರುಕು ಬೆಳೆಯುತ್ತೆ. ಡೆನ್ನಿಸ್ ಲಿಲ್ಲಿ 1973ರಲ್ಲಿ ಇದೇ ನೋವಲ್ಲಿ ಮೈದಾನ ಬಿಟ್ಟು ಹೊರಗೆ ಕೂತು, 1974ರ ಕೊನೆಗೆ ಆ್ಯಶಸ್‌ನಲ್ಲಿ ವಾಪಸ್ ಬಂದಿದ್ದು.

ಈಗ ಟೀ ಅಂಗಡಿ ಮಾತು ನೆನಪಿಸ್ಕೊಳ್ಳಿ. ಐಪಿಎಲ್ ಬಂದ್ರೆ ವಾಸಿಯಾಗುತ್ತೆ ಅಂದ್ರಲ್ಲ? ಪ್ರಸಿದ್ಧ್ 2023ರ ಐಪಿಎಲ್ ಪೂರ್ತಿ ಆಡಲಿಲ್ಲ. ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ವಾಪಸ್ ಬಂದ್ರು, ಬೆನ್ನು ರಿಪೇರಿ ಮಾಡಿಸ್ಕೊಂಡಿದ್ದ ಬುಮ್ರಾ ಕೂಡ ಅದೇ ಪಂದ್ಯದಲ್ಲಿ. 2024ರ ಜನವರಿಯಲ್ಲಿ ಅಹಮದಾಬಾದ್‌ನಲ್ಲಿ ಗುಜರಾತ್ ವಿರುದ್ಧ ರಣಜಿ ಪಂದ್ಯ. ಬೌಲಿಂಗ್ ಮಾಡ್ತಿದ್ದಾಗ ತೊಡೆಯ ಸ್ನಾಯು ಹೋಯ್ತು. ಕರ್ನಾಟಕಕ್ಕೆ 110 ರನ್ ಗುರಿ, ವಿಕೆಟ್ ಹೋಗದೆ 50ರವರೆಗೆ ಬಂದಿದ್ರು, 103ಕ್ಕೆ ಆಲೌಟ್. ಮತ್ತೆ 6 ರನ್ ಸೋಲು!

ಇದನ್ನೂ ಬೌಲರ್ ತಲೆಗೆ ಕಟ್ಟೋ ಹಾಗಿಲ್ಲ, ಬ್ಯಾಟಿಂಗ್ ಕುಸಿದಿದ್ದು. ಆದ್ರೆ ಖರ್ಚು ಆಮೇಲೆ ಬಂತು. ಪ್ರಸಿದ್ಧ್‌ಗೆ ಶಸ್ತ್ರಚಿಕಿತ್ಸೆ ಆಯ್ತು. ಅವರಿಲ್ಲದ ಕರ್ನಾಟಕ ಕ್ವಾರ್ಟರ್ ಫೈನಲ್‌ನಲ್ಲಿ ವಿದರ್ಭಕ್ಕೆ ಸೋತು ಹೊರಬಿತ್ತು. 2024ರ ಐಪಿಎಲ್ಲೂ ಅವರಿಗೆ ಇಲ್ಲ. ಅಂದ್ರೆ ಸತತ ಎರಡು ಐಪಿಎಲ್ ಬಿಟ್ಟವರು, ಅದರಲ್ಲಿ ಎರಡನೇದು ರಾಜ್ಯಕ್ಕಾಗಿ ಆಡ್ತಾ ಆದ ಗಾಯದಿಂದ.

2025ರಲ್ಲಿ ಅದೇ ಪ್ರಸಿದ್ಧ್ 25 ವಿಕೆಟ್ ತಗೊಂಡು ಐಪಿಎಲ್ ಪರ್ಪಲ್ ಕ್ಯಾಪ್ ಹಾಕಿದ್ರು. ಆಗಸ್ಟ್‌ನಲ್ಲಿ ಓವಲ್ ಟೆಸ್ಟ್, ಎರಡೂ ಇನಿಂಗ್ಸ್‌ನಲ್ಲಿ ನಾಲ್ಕು ನಾಲ್ಕು ವಿಕೆಟ್. ಭಾರತ ಎಷ್ಟು ರನ್‌ನಿಂದ ಗೆದ್ದಿದ್ದು ಗೊತ್ತಲ್ಲ? ಆರೇ ರನ್.

ನನ್ನ ಯಂತ್ರದ ಹೋಲಿಕೆ ಇಲ್ಲಿಗೆ ನಿಲ್ಲುತ್ತೆ. ಸವೆದ ಯಂತ್ರವನ್ನ ಮೂಲೇಲಿ ಇಟ್ರೆ ತುಕ್ಕು ಹಿಡಿಯುತ್ತೆ. ಮೂಳೆಗೆ ಸಮಯ ಕೊಟ್ರೆ ಬೆಳೆಯುತ್ತೆ. ಬೌಲರ್ ಹೊರಗೆ ಕೂತ ತಿಂಗಳುಗಳು ದಂಡ ಅಲ್ಲ, ಅದು ರಿಪೇರಿ ಖಾತೆ.

ನಮ್ಮ ಮೈದಾನಗಳ ಲೆಕ್ಕ

ಈ ಕಥೆ ಯಾಕೆ ನಮ್ಮ ನಾಲ್ಕು ಊರಿಗೆ ಬೇಕು? ಪ್ರಸಿದ್ಧ್‌ಗೆ ಸ್ಕ್ಯಾನ್ ಇತ್ತು, ಸರ್ಜನ್ ಇದ್ರು, ಬೆಂಗಳೂರಲ್ಲೇ ಬಿಸಿಸಿಐ ಪುನಶ್ಚೇತನ ಕೇಂದ್ರ ಇತ್ತು. ನಮ್ಮ ಕಡೆ ಭಾನುವಾರದ ಟೆನಿಸ್ ಬಾಲ್ ಟೂರ್ನಮೆಂಟ್‌ನಲ್ಲಿ ಬೆಳಗ್ಗೆ ಲೀಗ್, ಮಧ್ಯಾಹ್ನ ಸೆಮಿಫೈನಲ್, ಸಂಜೆ ಫೈನಲ್. ಮೂರರಲ್ಲೂ ಮೊದಲ ಓವರ್, ಕೊನೆ ಓವರ್ ಒಬ್ಬನದೇ. ಚನ್ನಪಟ್ಟಣದಲ್ಲಿ ನನ್ನ ಜೊತೆ ಆಡ್ತಿದ್ದ ಗೆಳೆಯನೊಬ್ಬ 16ನೇ ವಯಸ್ಸಿಗೆ ನಮ್ಮೆಲ್ಲರಿಗಿಂತ ಫಾಸ್ಟ್. ಬೆನ್ನು ನೋವು ಅಂದಾಗೆಲ್ಲ ಸಿಕ್ಕಿದ್ದು ಬಾಮ್, ಸ್ಪ್ರೇ, ಒಂದು ಮಾತ್ರೆ, ಜೊತೆಗೆ "ಫೈನಲ್ ಕಣೋ, ಎರಡು ಓವರ್ ಹಾಕ್ಬಿಡು." 19ಕ್ಕೆ ಬೌಲಿಂಗ್ ಬಿಟ್ಟ. ಈಗ ಸ್ಕೂಟರ್‌ನಲ್ಲಿ ಅರ್ಧ ಗಂಟೆ ಕೂತ್ರೆ ಇಳಿದು ಸೊಂಟ ಹಿಡ್ಕೊಂಡು ನಿಲ್ತಾನೆ. ಅವನ ಹೆಸರಲ್ಲಿ ಯಾವ ಸ್ಕೋರ್‌ಕಾರ್ಡೂ ಇಲ್ಲ, ಗಾಯದ ವರದಿಯೂ ಇಲ್ಲ.

ಇಂಗ್ಲೆಂಡ್‌ನ ಕ್ರಿಕೆಟ್ ಮಂಡಳಿ ಎಳೆಯ ವೇಗಿಗಳಿಗೆ ಅಂತ ಮಿತಿ ಬರೆದಿಟ್ಟಿತ್ತು. 13 ವರ್ಷದೊಳಗಿನವರು ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 14, 15ರವರಿಗೆ ಸ್ಪೆಲ್‌ಗೆ 6, ದಿನಕ್ಕೆ 12. ಅದಕ್ಕೆ ಕಾರಣ ಸರಳ. ಬೆಳೆಯೋ ವಯಸ್ಸಲ್ಲಿ ಬೆನ್ನುಮೂಳೆ ಇನ್ನೂ ಗಟ್ಟಿಯಾಗಿರಲ್ಲ. ಇದನ್ನ ಪಾಲಿಸೋಕೆ ಅಕಾಡೆಮಿ ಬೇಡ, ಒಂದು ನೋಟ್‌ಬುಕ್ ಸಾಕು. ಪಂದ್ಯದಲ್ಲಿ ಹಾಕಿದ್ದು, ನೆಟ್ಸ್‌ನಲ್ಲಿ ಹಾಕಿದ್ದು, ಬೇರೆ ಟೀಮ್‌ಗೆ ಹೋಗಿ ಹಾಕಿದ್ದು, ಎಲ್ಲಾ ಎಸೆತ ಬರೀರಿ. ಒಂದು ವಾರ ಸುಮ್ಮನಿದ್ದು ಮುಂದಿನ ವಾರ ಏಕಾಏಕಿ ದುಪ್ಪಟ್ಟು ಹಾಕೋದು ಅಪಾಯ. ಸೊಂಟದ ಒಂದೇ ಬದಿಗೆ, ಬೌಲಿಂಗ್ ಮಾಡಿದಾಗೆಲ್ಲ ನೋವು ಬರ್ತಿದ್ರೆ ಸ್ಪ್ರೇ ಹೊಡೀಬೇಡಿ. ಬೌಲಿಂಗ್ ನಿಲ್ಲಿಸಿ, ಮೂಳೆ ಡಾಕ್ಟರ್‌ಗೆ ತೋರಿಸಿ. ಕ್ಯಾಪ್ಟನ್ ಆಗಿರೋರಿಗೆ ಒಂದೇ ಮಾತು: ಹುಡುಗ ನೋವು ಅಂದ್ರೆ ನಂಬಿ, ಚೆಂಡು ಇನ್ನೊಬ್ಬನ ಕೈಗೆ ಕೊಡಿ. ಟ್ರೋಫಿ ಮುಂದಿನ ಭಾನುವಾರಾನೂ ಇರುತ್ತೆ.

ನಿಮ್ಮ ಟೀಮ್‌ನ ಫಾಸ್ಟ್ ಬೌಲರ್‌ಗೆ ಈ ಎಪಿಸೋಡ್ ಕಳಿಸಿ. ನೋವು ನುಂಗಿ ಬೌಲಿಂಗ್ ಮಾಡಿದ ಅನುಭವ ನಿಮಗಿದ್ರೆ ವಾಯ್ಸ್ ಮೆಸೇಜ್ ಮಾಡಿ, ಹೆಸರು ಹೇಳ್ಬೇಕಾಗಿಲ್ಲ. ಮುಂದಿನ ವಾರ ಸಿಗೋಣ.